ಪೂರ್ವಾಶ್ರಯವೂ ಪೊಲೀಸು ದಾಖಲೆಯೂ

ಗುರುವು ದೀಕ್ಷೆಯನ್ನಿತ್ತು ಶಿಷ್ಯನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಕರುಣಿಸಿದೊಡನೆ ಆತನ ಪೂರ್ವಾಶ್ರಯವು ಅಳಿಯಿತೆಂದು ವೀರಶೈವ ಧರ್ಮವು ಸಾರುತ್ತದೆ. ಆಮೇಲೆ ಆತನ ಹಿಂದಿನ ಕುಲವನ್ನಾಗಲಿ, ಹಿಂದಿನ ನಡತೆಯನ್ನಾಗಲಿ ಎತ್ತಿ ಆಡುವುದು ಆಡಿದವನಿಗೇ ದೋಷವೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಈ ತತ್ತ್ವವನ್ನು ನಾವು ಉಪನ್ಯಾಸಗಳಲ್ಲಿ ಕೇಳುತ್ತೇವೆ, ಕೇಳಿ ತಲೆದೂಗುತ್ತೇವೆ. ಆದರೆ ನಮ್ಮ ಮನೆಬಾಗಿಲಿಗೆ ಬಂದು ನಿಂತಾಗ ಅದು ಎಷ್ಟು ಕಠಿನವಾದ ತತ್ತ್ವವೆಂಬುದು ಕೆಲವು ತಿಂಗಳ ಹಿಂದೆ ನನ್ನ ಅನುಭವಕ್ಕೆ ಬಂದಿತು.

ಪರಿಚಿತರಾದ ಭಕ್ತರೊಬ್ಬರು ಒಂದು ಸಂಜೆ ಮನೆಗೆ ಬಂದರು. ಅವರ ಮಗನು ಹತ್ತೊಂಬತ್ತರ ವಯಸ್ಸಿನಲ್ಲಿ ಊರ ಜಾತ್ರೆಯ ದಿನ ಗೆಳೆಯರೊಂದಿಗೆ ಸೇರಿ ಒಂದು ಹೊಡೆದಾಟದಲ್ಲಿ ಸಿಕ್ಕಿಬಿದ್ದಿದ್ದನು. ಒಂದು ರಾತ್ರಿ ಠಾಣೆಯಲ್ಲಿ ಕಳೆದನು. ಮೊಕದ್ದಮೆಯೂ ನಡೆಯಿತು. ಹಿರಿಯರು ನಡುವೆ ನಿಂತು ರಾಜಿ ಮಾಡಿಸಿದರು. ನ್ಯಾಯಾಲಯವು ರಾಜಿಯನ್ನು ಒಪ್ಪಿತು. ಇದಾಗಿ ಆರು ವರ್ಷಗಳು ಕಳೆದಿವೆ. ಈ ನಡುವೆ ಹುಡುಗನು ಓದಿ ಪದವೀಧರನಾಗಿ, ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಸರಕಾರಿ ಕೆಲಸಕ್ಕೆ ಆಯ್ಕೆಯಾದನು. ನೇಮಕದ ಮೊದಲು ತುಂಬಿ ಕಳುಹಿಸಬೇಕಾದ ಪತ್ರದಲ್ಲಿ ಒಂದು ಪ್ರಶ್ನೆ ಇದ್ದಿತು: ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ?

ತಂದೆಯು ಪತ್ರವನ್ನು ನನ್ನ ಮುಂದಿಟ್ಟು, “ಗುರುಗಳೇ, ಕೋರ್ಟಿನಲ್ಲಿ ಎಲ್ಲ ಮುಗಿದುಹೋಗಿದೆ. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆಯೆ? ಹೌದು ಎಂದು ಬರೆದರೆ ಹುಡುಗನ ಅನ್ನ ಹೋಗುತ್ತದೆಯಲ್ಲ?” ಎಂದು ಕೇಳಿದರು. ಆ ಕ್ಷಣಕ್ಕೆ ನನಗೆ ಉತ್ತರ ತೋಚಲಿಲ್ಲ. ಆಮೇಲೆ ಬಲ್ಲವರನ್ನು ಕೇಳಿ, ಓದಿ, ಚಿಂತಿಸಿ ಕಂಡುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ರಾಜಶಾಸನವು ಏನೆನ್ನುತ್ತದೆಂಬುದನ್ನು ನೋಡೋಣ. ಬಂಧನವೆಂಬುದು ಶಿಕ್ಷೆಯಲ್ಲ, ಅಪರಾಧವು ಸಿದ್ಧವಾಯಿತೆಂಬ ತೀರ್ಪೂ ಅಲ್ಲ. ಅದು ಸಂಶಯದ ಮೇಲೆ ನಡೆದ ಒಂದು ಕ್ರಮ ಮಾತ್ರ. ಕಾನೂನು ಒಪ್ಪುವ ಪ್ರಕರಣಗಳಲ್ಲಿ ನಡೆದ ರಾಜಿಗೆ ಖುಲಾಸೆಯ ಫಲವೇ ಉಂಟು. ಆದರೂ ಠಾಣೆಯ ಪುಸ್ತಕದಲ್ಲಿ ಬರೆದುದು ಅಲ್ಲಿಯೇ ಉಳಿಯುತ್ತದೆ. ವಯಸ್ಕನ ಹಳೆಯ ಬಂಧನದ ದಾಖಲೆಯನ್ನು ಪೂರ್ಣವಾಗಿ ಅಳಿಸಿಹಾಕುವ ಸಾಮಾನ್ಯ ಶಾಸನವು ನಮ್ಮ ದೇಶದಲ್ಲಿಲ್ಲ. ಇರುವುದು ಅಲ್ಲಲ್ಲಿ ಕೆಲವು ಕಿಂಡಿಗಳು ಮಾತ್ರ. 1958ರ ಪ್ರೊಬೇಷನ್ ಕಾಯಿದೆಯು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆಯಾದವನಿಗೆ ಶಿಕ್ಷೆಯಿಂದ ಬರತಕ್ಕ ಅನರ್ಹತೆಯು ತಟ್ಟಬಾರದೆಂದು ಹೇಳುತ್ತದೆ. 2022ರ ಒಂದು ಕಾಯಿದೆಯು ಬಂಧಿತರ ಬೆರಳಚ್ಚು ಮುಂತಾದ ಗುರುತುಗಳನ್ನು 75 ವರ್ಷಗಳವರೆಗೆ ಇಡಲು ಅಪ್ಪಣೆ ಕೊಡುತ್ತದೆ. ಆದರೆ ಹಿಂದೆ ಶಿಕ್ಷೆಯಾಗದವನು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಖುಲಾಸೆಯಾದರೆ, ನ್ಯಾಯಾಲಯವು ಬೇರೆ ಆಜ್ಞೆ ಮಾಡದ ಹೊರತು, ಅವುಗಳನ್ನು ನಾಶಪಡಿಸಬೇಕೆಂದೂ ವಿಧಿಸುತ್ತದೆ.

ಬಾಲಕರ ವಿಷಯದಲ್ಲಿ ಶಾಸನವು ಹೆಚ್ಚು ಉದಾರವಾಗಿದೆ. 2015ರ ಬಾಲನ್ಯಾಯ ಕಾಯಿದೆಯ ಮೇರೆಗೆ ಹದಿನೆಂಟು ತುಂಬದವನು ಮಾಡಿದ ತಪ್ಪು ಮುಂದೆ ಅವನಿಗೆ ಅನರ್ಹತೆಯನ್ನು ತರಬಾರದು. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನೇ ನಾಶಮಾಡಬೇಕು. ಹದಿನಾರು ತುಂಬಿ ಘೋರ ಅಪರಾಧಕ್ಕಾಗಿ ವಯಸ್ಕನಂತೆ ವಿಚಾರಣೆಗೊಳಗಾಗಿ ಅಪರಾಧಿಯೆನಿಸಿದವನ ಪ್ರಸಂಗ ಮಾತ್ರ ಇದಕ್ಕೆ ಹೊರತು. ನಮ್ಮ ಭಕ್ತರ ಮಗನು ಅದೇ ಜಗಳದಲ್ಲಿ ಎರಡು ವರ್ಷ ಮುಂಚಿತವಾಗಿ ಸಿಕ್ಕಿದ್ದರೆ ಇಂದು ಈ ಸಂಕಟವೇ ಇರುತ್ತಿರಲಿಲ್ಲ. ಒಂದೇ ಜಾತ್ರೆ, ಒಂದೇ ಕೈ, ಒಂದೇ ಏಟು. ಪಂಚಾಂಗದ ಎರಡು ವರ್ಷಗಳು ಬಾಳಿನ ದಾರಿಯನ್ನೇ ಬೇರೆ ಮಾಡಿದವು.

ಅಮೆರಿಕದ ಸಂಸ್ಥಾನಗಳಲ್ಲಿ ವಯಸ್ಕರಿಗೂ ಇಂಥ ಅವಕಾಶವುಂಟು. ಹಳೆಯ ಸಣ್ಣ ಬಂಧನದ ಅಥವಾ ಶಿಕ್ಷೆಯ ದಾಖಲೆಯನ್ನು ಅಳಿಸುವಂತೆ ಇಲ್ಲವೆ ಮುದ್ರೆಯೊತ್ತಿ ಮುಚ್ಚಿಡುವಂತೆ ನ್ಯಾಯಾಲಯಕ್ಕೆ ಬೇಡಿಕೊಳ್ಳಬಹುದು. ನಿಯಮಗಳು ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆ. ಮಿಷಿಗನ್ ಸಂಸ್ಥಾನದಲ್ಲಿ ಹೀಗೆ ಶಿಕ್ಷೆಯ ದಾಖಲೆ ಅಳಿಸಿಕೊಂಡವರ ಬಗ್ಗೆ ಇಬ್ಬರು ಕಾನೂನು ಪ್ರಾಧ್ಯಾಪಕರು ನಡೆಸಿದ ಅಧ್ಯಯನವು 2020ರಲ್ಲಿ ಪ್ರಕಟವಾಯಿತು. ಅವರ ಗಳಿಕೆಯು ಒಂದು ವರ್ಷದೊಳಗೆ ಸರಾಸರಿ ಶೇಕಡ 20ಕ್ಕೂ ಮಿಗಿಲಾಗಿ ಏರಿತೆಂದು ಅದರಿಂದ ತಿಳಿಯುತ್ತದೆ. ಆದರೆ ಅರ್ಹರಾದವರಲ್ಲಿ ಐದು ವರ್ಷಗಳೊಳಗೆ ಈ ಪ್ರಯೋಜನ ಪಡೆದವರು ಶೇಕಡ 6.5 ಮಾತ್ರ! ಬಾಗಿಲು ತೆರೆದಿದ್ದರೂ ಒಳಗೆ ಹೋಗಲು ಹಣವೂ ತಿಳಿವಳಿಕೆಯೂ ಬೇಕು. ಬಡವನಿಗೆ ಎರಡೂ ದುರ್ಲಭ. ವಿದ್ಯೆಯ ವಿಷಯದಲ್ಲಿಯೂ ಅಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿದ್ದಾರೆ. ನೂರಾರು ಕಾಲೇಜುಗಳಿಗೆ ಸಮಾನವಾದ ಪ್ರವೇಶದ ಅರ್ಜಿಯೊಂದರಲ್ಲಿ ಅಪರಾಧದ ಪೂರ್ವವೃತ್ತಾಂತವನ್ನು ಎಲ್ಲರಿಗೂ ಕೇಳುತ್ತಿದ್ದುದನ್ನು 2019ರಿಂದ ಕೈಬಿಡಲಾಯಿತು. ಬೇಕೆನಿಸಿದ ಕಾಲೇಜು ಮಾತ್ರ ತಾನಾಗಿ ಕೇಳಬಹುದು.

ಇಷ್ಟಾದರೂ ಅಳಿಸಿದುದು ನಿಜವಾಗಿ ಅಳಿಯಿತೆ? ನಮ್ಮ ಮಕ್ಕಳು ಅಮೆರಿಕಕ್ಕೆ ಓದಲು ಹೋಗುವಾಗ ತುಂಬುವ ವೀಸಾದ ಅರ್ಜಿಯನ್ನೇ ನೋಡಿರಿ. ಎಂದಾದರೂ ಬಂಧನವಾಗಿತ್ತೆ ಎಂದು ಕೇಳಿ, ಕ್ಷಮಾದಾನ ದೊರೆತಿದ್ದರೂ ತಿಳಿಸತಕ್ಕದ್ದೆಂದು ಅದು ಸೇರಿಸುತ್ತದೆ. ಒಂದು ಕಚೇರಿ ಅಳಿಸಿದುದನ್ನು ಇನ್ನೊಂದು ಕಚೇರಿ ಕೆದಕುತ್ತದೆ. ಹಳೆಯ ತೀರ್ಪುಗಳು ಅಂತರ್ಜಾಲದಲ್ಲಿ ಹೆಸರು ಸಹಿತ ತೇಲಾಡುತ್ತಿರುತ್ತವೆ. ಒಂದು ಪ್ರಕರಣದಲ್ಲಿ, ಹುಡುಕಿದವರಿಗೆ ಹೆಣ್ಣುಮಗಳೊಬ್ಬಳ ಹೆಸರು ಸಿಗದಂತೆ ಮಾಡಲು ಕರ್ನಾಟಕ ಉಚ್ಚ ನ್ಯಾಯಾಲಯವು 2017ರ ಜನವರಿಯಲ್ಲಿ ಆಜ್ಞೆ ಮಾಡಬೇಕಾಯಿತು. ಕಾಗದದ ಮೇಲಿನದನ್ನು ಅಳಿಸಬಹುದು. ಕೇಳುವ ಚಪಲವನ್ನು ಅಳಿಸುವುದು ಹೇಗೆ? ಶರಣರ ಬೋಧೆಯು ನಮಗೆ ಬೇಕಾಗುವುದು ಇಲ್ಲಿಯೇ.

ಉರಿಲಿಂಗಪೆದ್ದಿಗಳ ಚರಿತ್ರೆಯನ್ನು ಬಲ್ಲವರು ಬಲ್ಲರು. ಅವರು ಮೊದಲು ಕಳ್ಳತನದಿಂದ ಜೀವಿಸುತ್ತಿದ್ದರೆಂದೂ, ಕದಿಯಲು ಹೋದಲ್ಲಿ ಉರಿಲಿಂಗದೇವರು ದೀಕ್ಷೆ ನೀಡುವುದನ್ನು ಕಂಡು ಮನಸ್ಸು ತಿರುಗಿತೆಂದೂ, ಶಿಷ್ಯರಾಗಿ ಸೇವೆ ಸಲ್ಲಿಸಿ ಕಡೆಗೆ ಅದೇ ಗುರುವಿನ ಪೀಠಕ್ಕೆ ಉತ್ತರಾಧಿಕಾರಿಗಳಾದರೆಂದೂ ಪರಂಪರೆಯು ಹೇಳುತ್ತದೆ. ಅವರ ವಚನಗಳಲ್ಲಿ ಸಂಸ್ಕೃತ ಶಾಸ್ತ್ರವಾಕ್ಯಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಅಷ್ಟು ದೊಡ್ಡ ವಿದ್ವತ್ತು. ಗುರುವು ಅಂದು, “ಮೊದಲು ನಿನ್ನ ನಡತೆಯ ಪ್ರಮಾಣಪತ್ರವನ್ನು ತಾ” ಎಂದು ಬಾಗಿಲಲ್ಲಿ ತಡೆದಿದ್ದರೆ ಆ ವಿದ್ಯೆ ಎಲ್ಲಿರುತ್ತಿತ್ತು? ಆ ಪೀಠವು ಯಾರಿಗೆ ಸಲ್ಲುತ್ತಿತ್ತು?

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕನ್ನದ ಮಾರಯ್ಯನವರ ಹೆಸರಿನಲ್ಲಿಯೇ ಹಿಂದಿನ ಕನ್ನವು ಇಂದಿಗೂ ನಿಂತಿದೆ. ಶರಣರು ಅದನ್ನು ಅಳಿಸಲಿಲ್ಲ. ಅಳಿಸುವ ಅಗತ್ಯವೂ ಬೀಳಲಿಲ್ಲ. ಏಕೆಂದರೆ ಆ ಹೆಸರನ್ನು ಹೇಳಿ ಅವರನ್ನು ಹೊರಗಿಡುವವರು ಆ ಸಮುದಾಯದಲ್ಲಿರಲಿಲ್ಲ. ಕಳಂಕವಾಗಬಹುದಾದುದು ಅಲ್ಲಿ ಪರಿವರ್ತನೆಯ ಸಾಕ್ಷಿಯಾಯಿತು. ಇದರಿಂದ ತಿಳಿಯುವುದೇನು? ನೆನಪಿನಲ್ಲಿ ಎರಡು ಬಗೆ. ಬಿದ್ದವನು ಎದ್ದ ಎತ್ತರವನ್ನು ಅಳೆಯುವ ನೆನಪು ಒಂದು. ಎದ್ದವನನ್ನು ಮತ್ತೆ ಬೀಳಿಸುವ ನೆನಪು ಇನ್ನೊಂದು. ಪೂರ್ವಾಶ್ರಯವನ್ನು ಎತ್ತಬಾರದೆಂಬ ವಿಧಿಯು ಎರಡನೆಯದನ್ನು ಕುರಿತದ್ದು. ಆದುದರಿಂದ ಅದು ಶಿಷ್ಯನಿಗೆ ಕಲಿಸಿದ ಮರೆಮಾಚುವಿಕೆಯಲ್ಲ. ಸಮಾಜಕ್ಕೆ ಕಲಿಸಿದ ಸಂಯಮ.

ಈ ಭೇದವನ್ನು ಹಿಡಿದರೆ ಆ ತಂದೆಯ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. ಕೇಳದಿರುವುದು ಸಮಾಜದ ಧರ್ಮ. ಕೇಳಿದಾಗ ಮರೆಮಾಚದಿರುವುದು ವ್ಯಕ್ತಿಯ ಧರ್ಮ. ಒಬ್ಬನ ಧರ್ಮವನ್ನು ಇನ್ನೊಬ್ಬನ ಮೇಲೆ ಹೊರಿಸಬಾರದು. ಸಮಾಜವು ತಪ್ಪಾಗಿ ಕೇಳಿತೆಂದು ನಾನು ಸುಳ್ಳು ಹೇಳಿದರೆ, ಹಳೆಯ ತಪ್ಪು ಹತ್ತೊಂಬತ್ತು ವರ್ಷದ ಹುಡುಗನದು, ಹೊಸ ತಪ್ಪು ಇಪ್ಪತ್ತೈದು ವರ್ಷದ ಪದವೀಧರನದು. ಮೊದಲನೆಯದಕ್ಕೆ ವಯಸ್ಸಿನ ನೆವವುಂಟು, ಎರಡನೆಯದಕ್ಕೆ ಇಲ್ಲ.

ವಿಸ್ಮಯವೆಂದರೆ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಹೆಚ್ಚುಕಡಿಮೆ ಇದೇ ದಾರಿಯನ್ನು ತೋರಿಸಿದೆ. 2011ರಲ್ಲಿ ದೆಹಲಿ ಪೊಲೀಸು ಇಲಾಖೆಯ ಹುದ್ದೆಯೊಂದಕ್ಕೆ ಆಯ್ಕೆಯಾದವನೊಬ್ಬನ ಪ್ರಕರಣ ಅದರ ಮುಂದೆ ಬಂದಿತು. ಸುಮಾರು ಇಪ್ಪತ್ತರ ವಯಸ್ಸಿನಲ್ಲಿ ಆತನ ಮೇಲಿದ್ದ ಹೊಡೆದಾಟದ ಮೊಕದ್ದಮೆ ರಾಜಿಯಲ್ಲಿ ಮುಗಿದಿತ್ತು. ಅರ್ಜಿಯಲ್ಲಿ ಅದನ್ನು ಆತ ತಿಳಿಸಿರಲಿಲ್ಲ. ನ್ಯಾಯಾಲಯವು ಹರೆಯದ ಅವಿವೇಕವನ್ನು ಕ್ಷಮಿಸಬೇಕೆಂದು ಹೇಳಿ, ರೊಟ್ಟಿ ಕದ್ದು ಬಾಳೆಲ್ಲ ಕಳ್ಳನೆನಿಸಿಕೊಂಡ ವಿಕ್ಟರ್ ಹ್ಯೂಗೋನ ಕಥಾನಾಯಕನನ್ನು ನೆನೆದು, ಆತನ ಪರವಾಗಿ ತೀರ್ಪಿತ್ತಿತು. ಆತನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಲೇಖನವೇ ತನ್ನ ಮಾತನ್ನು ಮೀರಿದಂತಾದೀತು. ಮುಂದೆ 2016ರ ಜುಲೈ 21ರಂದು ಮೂವರು ನ್ಯಾಯಮೂರ್ತಿಗಳ ಪೀಠವು ನಿಯಮಗಳನ್ನು ಕ್ರೋಡೀಕರಿಸಿತು. ಅಭ್ಯರ್ಥಿಯು ಕೊಡುವ ಮಾಹಿತಿಯು ಸತ್ಯವಾಗಿರತಕ್ಕದ್ದು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ತಪ್ಪನ್ನು ಮರೆಮಾಚಿದ್ದರೂ ನೇಮಿಸುವವರು ವಿವೇಚನೆಯಿಂದ ಮನ್ನಿಸಬಹುದು. ಆದರೆ ಸತ್ಯವನ್ನು ಹೇಳಿದ ಮಾತ್ರಕ್ಕೆ ನೇಮಿಸಲೇಬೇಕೆಂಬ ನಿರ್ಬಂಧವಿಲ್ಲ. ಪೂರ್ವವೃತ್ತವನ್ನು ತೂಗಿ ನೋಡುವ ಅಧಿಕಾರ ಅವರಿಗೆ ಉಳಿಯುತ್ತದೆ.

ಈ ಕಡೆಯ ಮಾತು ಕಹಿಯಾದುದು. ಸತ್ಯ ಹೇಳಿದವನಿಗೆ ಫಲದ ಭರವಸೆಯಿಲ್ಲ. ಆದರೆ ಸತ್ಯವು ಫಲಕ್ಕಾಗಿ ಆಡುವ ಮಾತಾಗಿದ್ದರೆ ಅದಕ್ಕೂ ವ್ಯಾಪಾರಕ್ಕೂ ಭೇದವೇನು? ಹುಡುಗನು ತನ್ನ ಪಾಲಿನದನ್ನು ಮಾಡಬೇಕು; ತೂಗುವವರು ತಮ್ಮ ಪಾಲಿನದನ್ನು ಮಾಡಬೇಕು. ಇಂದು ಹೆಚ್ಚಾಗಿ ಸೋಲುತ್ತಿರುವವರು ತೂಗುವವರೇ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಎಲ್ಲವನ್ನೂ ಮರೆಯುತ್ತ ಹೋದರೆ ಮಕ್ಕಳ ಶಾಲೆಗೆ ದುಷ್ಟನು ನುಗ್ಗಿಯಾನು, ಖಜಾನೆಯ ಬೀಗದ ಕೈ ವಂಚಕನ ಕೈಸೇರೀತು ಎಂದು ಕೆಲವರು ಹೇಳುವರು. ಮಾತು ಸುಳ್ಳಲ್ಲ. ಗುರುವು ಕೂಡ ಬಂದವರಿಗೆಲ್ಲ ಬಂದ ಗಳಿಗೆಯಲ್ಲಿಯೇ ದೀಕ್ಷೆ ಕೊಡುವುದಿಲ್ಲ, ಶಿಷ್ಯನನ್ನು ಪರೀಕ್ಷಿಸುತ್ತಾನೆ. ಆದರೆ ಪರೀಕ್ಷಿಸುವುದು ಇಂದಿನ ನಡೆಯನ್ನು. ಘೋರ ಕೃತ್ಯಕ್ಕೂ ಜಾತ್ರೆಯ ಜಗಳಕ್ಕೂ, ಸಿದ್ಧವಾದ ಅಪರಾಧಕ್ಕೂ ಬರಿಯ ಸಂಶಯಕ್ಕೂ, ನಿನ್ನೆಯದಕ್ಕೂ ಹತ್ತು ವರ್ಷದ ಹಿಂದಿನದಕ್ಕೂ ಭೇದವೆಣಿಸದೆ ಒಂದೇ ಗೆರೆಯಿಂದ ಎಲ್ಲರನ್ನೂ ಹೊಡೆದುಹಾಕುವುದು ಎಚ್ಚರವಲ್ಲ, ಅದು ಸೋಮಾರಿತನ.

ಈ ಮಾತನ್ನು ಸರಕಾರಕ್ಕೆ ಹೇಳುವ ಮೊದಲು ನಾವೇ ಕೇಳಿಸಿಕೊಳ್ಳಬೇಕು. ನಮ್ಮ ಮಠಮಾನ್ಯಗಳು ನಡೆಸುವ ಶಾಲೆ, ಕಾಲೇಜು, ಪ್ರಸಾದನಿಲಯಗಳು ಊರೂರಲ್ಲಿವೆ. ಪ್ರವೇಶ ಬಯಸಿ ಬಂದ ಹುಡುಗನ ವಿಷಯದಲ್ಲಿ ಯಾರೋ ಕಿವಿಯಲ್ಲಿ ಊದಿದರೆ ನಾವು ಏನು ಮಾಡುತ್ತೇವೆ? ಅವನನ್ನು ಕರೆದು ಕುಳ್ಳಿರಿಸಿ ಕೇಳುತ್ತೇವೆಯೋ, ಜಾಗ ತುಂಬಿತೆಂದು ಹೇಳಿ ಕಳುಹಿಸುತ್ತೇವೆಯೋ? ನೇಮಕದ ಅರ್ಜಿಯಲ್ಲಿ ಬೇಡದ ಪ್ರಶ್ನೆಯನ್ನು ಹಾಕಿರುವೆವೋ? ಮಗಳಿಗೆ ವರನನ್ನು ನೋಡುವಾಗ ಎಷ್ಟು ವರ್ಷ ಹಿಂದಕ್ಕೆ ಕೆದಕುತ್ತೇವೆ? ಕರಸ್ಥಲದಲ್ಲಿ ಲಿಂಗವನ್ನಿಟ್ಟುಕೊಂಡವನು ಇನ್ನೊಬ್ಬನ ಹಳೆಯ ಕಡತವನ್ನೂ ಅದೇ ಕೈಯಲ್ಲಿ ಹಿಡಿಯಲಾರ.

ದಾಖಲೆಯನ್ನು ಅಳಿಸುವ ಶಾಸನವು ನಮ್ಮ ದೇಶದಲ್ಲಿಯೂ ಬರಲಿ. ಬಂದರೆ ಅದು ದಯೆಯ ಕಾರ್ಯ. ಆದರೆ ಶಾಸನವು ಅಳಿಸುವುದು ಶಾಯಿಯನ್ನು ಮಾತ್ರ. ಒಳಗಿನ ಬರಹವನ್ನು ತೊಳೆಯತಕ್ಕವನು ತಪ್ಪಿದವನೇ, ತನ್ನ ಕಾಯಕದಿಂದ, ತನ್ನ ನಿತ್ಯದ ನಡೆಯಿಂದ. ಹೊರಗಿನ ನಾಲಗೆಯನ್ನು ಕಟ್ಟತಕ್ಕವರು ನಾವು.

ಆ ತಂದೆಗೆ ನಾನು ಹೇಳಿದುದು ಇಷ್ಟೆ: ಹೌದು ಎಂದೇ ಬರೆಯಿಸಿರಿ, ನಡೆದುದನ್ನು ನಾಲ್ಕು ಸಾಲಿನಲ್ಲಿ ಹೇಳಿಸಿರಿ, ನ್ಯಾಯಾಲಯದ ಆಜ್ಞೆಯ ಪ್ರತಿಯನ್ನು ಜೊತೆಗಿರಿಸಿರಿ. ಹುಡುಗನು ಹಾಗೆಯೇ ಮಾಡಿದನು. ಕಚೇರಿಯಿಂದ ಉತ್ತರವು ಇನ್ನೂ ಬಂದಿಲ್ಲ. ಅಂಚೆಯವನ ದಾರಿ ಕಾಯುತ್ತ ಆ ಮನೆಯವರು ಕುಳಿತಿದ್ದಾರೆ. ತೂಗುವ ಸ್ಥಾನದಲ್ಲಿರುವವರ ಹೃದಯಕ್ಕೆ ಪೂರ್ವಾಶ್ರಯದ ಮರ್ಮವು ತಿಳಿಯಲೆಂದು ಶಿವನಲ್ಲಿ ಬೇಡಿಕೊಳ್ಳುತ್ತೇನೆ.