ಮಲ್ಲತಾರತಮ್ಯ

ಕಬ್ಬು ಕಾರ್ಖಾನೆಗೆ ಸಂದು, ತಂಬಾಕು ವಖಾರಿಗಳನ್ನು ಸೇರಿ, ಒಕ್ಕಲಿಗನ ಕೈ ತುಸು ಬಿಡುವಾಗಿ, ಜಾತ್ರೆ ಉರುಸುಗಳ ಕಾಲ ಒದಗಿತೆಂದರೆ ನಿಪ್ಪಾಣಿ ಚಿಕ್ಕೋಡಿಗಳ ಸೀಮೆಯಲ್ಲಿ ಊರೂರಿನ ಗೋಡೆಗಳ ಮೇಲೆ ಕುಸ್ತಿ ಮೈದಾನದ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಅವುಗಳ ರಚನೆಯೇ ತತ್ತ್ವವಿಚಾರಕ್ಕೆ ಎಡೆಗೊಡತಕ್ಕುದು. ಎಲ್ಲಕ್ಕೂ ಮೇಲೆ ದೇವರ ಹೆಸರು. ಅದರಡಿ ದೊಡ್ಡ ಅಕ್ಷರಗಳಲ್ಲಿ ಒಂದನೆಯ ನಂಬರಿನ ಜೋಡಿ. ಅದಕ್ಕಿಂತ ಕಿರಿದಾದ ಅಕ್ಷರಗಳಲ್ಲಿ ಎರಡನೆಯದು, ಮೂರನೆಯದು. ಹೀಗೆ ಇಳಿದಿಳಿದು ಕಟ್ಟಕಡೆಗೆ ಹೆಸರೂ ಮೊತ್ತವೂ ಇಲ್ಲದ ಚಿಕ್ಕ ಹುಡುಗರ ಕುಸ್ತಿಗಳು. ಮೈದಾನದಲ್ಲಿ ಈ ಕ್ರಮ ತಲೆಕೆಳಗಾಗಿ, ಇಳಿಹೊತ್ತಿಗೆ ಹುಡುಗರಿಂದ ಮೊದಲಾದುದು ದೀಪ ಹತ್ತಿದ ಮೇಲೆ ಒಂದನೆಯ ನಂಬರಿಗೆ ಏರುತ್ತದೆ. ಹಲಗಿಯ ಸದ್ದು ನಡುನಡುವೆ ತಗ್ಗಿದಾಗ ಅಂಚಿನಲ್ಲಿ ಕುಳಿತ ಹಿರಿಯರ ಬಾಯಲ್ಲಿ ಇನ್ನೊಂದು ಕಾಳಗ ಸಾಗಿರುತ್ತದೆ.

“ಗಾಮಾನ ಮುಂದ ಯಾರ್ ನಿಲ್ಲತಾರ್ರೀ?”

“ಗಾಮಾನ್ನ ಇಲ್ಲಿ ಯಾರ್ ನೋಡ್ಯಾರ? ಖಂಚನಾಳೆ ಅವರನ್ನ ನಮ್ಮಪ್ಪ ಕಣ್ಣಾರೆ ನೋಡ್ಯಾನ.”

“ಕಾಕಾ, ಒಲಿಂಪಿಕ್‌ದಾಗ ಪದಕಾ ತಂದಾಂವ ಖಾಶಾಬಾ. ಅದನ್ನ ಮರೀಬ್ಯಾಡ್ರಿ.”

ಇಂಥ ಮಾತನ್ನು ಹೊತ್ತು ಕಳೆಯುವವರ ಹರಟೆಯೆಂದು ತಳ್ಳಿಹಾಕುವ ಪಂಡಿತರುಂಟು. ನನಗಾದರೋ ಈ ಮೂವರ ಮಾತುಗಳಲ್ಲಿ ಪ್ರಮಾಣಶಾಸ್ತ್ರದ ಮುಕ್ಕಾಲು ಪಾಲು ಅಡಗಿರುವಂತೆ ತೋರುತ್ತದೆ. ಮೊದಲನೆಯವನು ಶಬ್ದಪ್ರಮಾಣವನ್ನು, ಎಂದರೆ ಪರಂಪರೆಯಿಂದ ಕೇಳಿಬಂದುದನ್ನು, ಆಶ್ರಯಿಸಿದ್ದಾನೆ. ಎರಡನೆಯವನು ಪ್ರತ್ಯಕ್ಷವೇ ಬಲಿಷ್ಠವೆನ್ನುತ್ತಾನೆ, ಆ ಪ್ರತ್ಯಕ್ಷ ತನ್ನದಾಗಿರದೆ ತಂದೆಯದಾಗಿದ್ದರೂ. ಮೂರನೆಯವನು ಕಂಚಿನ ತುಂಡೊಂದನ್ನು ಲಿಂಗವಾಗಿ ಹಿಡಿದು ಅನುಮಾನಕ್ಕೆ ತೊಡಗಿದ್ದಾನೆ. ಅವರು ಜಗಳವಾಡುತ್ತಿರುವುದು ಮಲ್ಲರನ್ನು ಕುರಿತು; ಆದರೆ ಅದರ ಅಡಿಯಲ್ಲಿ, ಶ್ರೇಷ್ಠತೆಯೆಂಬುದು ಒಂದು ಜೀವದಲ್ಲಿ ನೆಲಸಿರುವ ಗುಣವೋ, ಎರಡು ಜೀವಗಳ ನಡುವೆ ಒಂದು ಹೊತ್ತಿಗೆ ಏರ್ಪಡುವ ಸಂಬಂಧವೋ ಎಂಬ ಹಳೆಯ ಪ್ರಶ್ನೆಯಿದೆ.

ಖಂಚನಾಳೆಯವರ ಹೆಸರು ಈ ಭಾಗದಲ್ಲಿ ಮೊದಲು ಬರುವುದು ಸಹಜ. ಶ್ರೀಪತಿ ಖಂಚನಾಳೆಯವರು ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದವರು. ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದವರು. 1959ರಲ್ಲಿ ಪಂಜಾಬಿನ ಬಂತಾಸಿಂಗನನ್ನು ಕೆಡವಿ ಮೊತ್ತಮೊದಲ ಹಿಂದ್ ಕೇಸರಿ ಎನಿಸಿದವರು. ಅದೇ ವರ್ಷ ಮಹಾರಾಷ್ಟ್ರ ಕೇಸರಿಯೆಂಬ ಬಿರುದೂ ಅವರಿಗೆ ಬಂದಿತು. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಗಡಿಯ ಎರಡೂ ಕಡೆಯ ತಾಲೀಮುಗಳು ‘ನಮ್ಮವರು’ ಎಂದೇ ಕಣ್ಣೀರಿಟ್ಟವು. ಹುಟ್ಟಿದೂರು ಕರ್ನಾಟಕದಲ್ಲಿ, ಕೀರ್ತಿಯೂ ಬಾಳೂ ಮಹಾರಾಷ್ಟ್ರದಲ್ಲಿ. ರಾಜ್ಯಗಳ ಮೇರೆಯನ್ನು ಕುರಿತ ವ್ಯಾಜ್ಯಗಳೇನೇ ಇರಲಿ, ಶಾಹೂ ಮಹಾರಾಜರ ಕಾಲದಿಂದಲೂ ಇಲ್ಲಿನ ಪೈಲ್ವಾನನ ರಾಜಧಾನಿ ಕೊಲ್ಹಾಪುರವೇ. ಆ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಒಮ್ಮೆ ಕುಸ್ತಿಯಾಡುವುದು ನಿಪ್ಪಾಣಿಯ ಹುಡುಗನಿಗೆ ಕಾಶೀಯಾತ್ರೆಗೆ ಕಡಿಮೆಯಾದುದಲ್ಲ.

ಯಾರು ಮೇಲೆಂಬ ಪ್ರಶ್ನೆಯಲ್ಲಿ ಮಣ್ಣಿನೊಳಗೆ ಮಾತ್ರ ಸಂದೇಹವೇ ಇಲ್ಲ. ನಿಕಾಲಿ ಕುಸ್ತಿಯೆಂದರೆ ತೀರ್ಮಾನವಾಗಿಯೇ ತೀರಬೇಕಾದ ಕುಸ್ತಿ. ಗುಣಾಂಕವಿಲ್ಲ, ಅರ್ಧ ಗೆಲವಿಲ್ಲ. ಸಲಾಮಿಯಾಗಿ ಒಬ್ಬರ ಕೈಗೆ ಒಬ್ಬರು ಮಣ್ಣು ಕೊಟ್ಟ ಮೇಲೆ ಯಾವನ ಬೆನ್ನು ನೆಲಕ್ಕೆ ಹತ್ತಿತೋ ಅವನು ಚಿತ್, ಮಿಕ್ಕವನು ವಿಜಯಿ. ಜಗತ್ತಿನಲ್ಲಿ ಇಷ್ಟು ನಿಸ್ಸಂದಿಗ್ಧವಾದ ಜ್ಞಾನ ಮನುಷ್ಯನಿಗೆ ದೊರೆಯುವುದು ಅಪರೂಪ. ಆದರೆ ಆ ಜ್ಞಾನ ಹೇಳುವುದೆಷ್ಟು? ಇಂಥವನು, ಇಂಥವನನ್ನು, ಈ ಸಂಜೆ, ಈ ಮಣ್ಣಿನಲ್ಲಿ, ಈ ಡಾವಿನಿಂದ ಕೆಡವಿದನೆಂಬಷ್ಟನ್ನೆ. ನಾಳೆಯ ವಿಷಯದಲ್ಲಿಯೂ ಮೂರನೆಯವನ ವಿಷಯದಲ್ಲಿಯೂ ಅದು ಮೌನ. ಇವನು ಅವನನ್ನು ಕೆಡವಿ, ಅವನು ಮತ್ತೊಬ್ಬನನ್ನು ಕೆಡವಿ, ಆ ಮತ್ತೊಬ್ಬನು ಬಂದು ಇವನನ್ನೇ ಕೆಡವಿಬಿಡುವುದು ಮೈದಾನದಲ್ಲಿ ದಿನವೂ ಕಾಣುವ ಸಂಗತಿ. ಹಾಗಾದಾಗ ಏಣಿಯೆಂದು ಭಾವಿಸಿದ್ದು ಚಕ್ರವಾಗಿ ಪರಿಣಮಿಸುತ್ತದೆ; ಚಕ್ರದಲ್ಲಿ ಮೇಲಿನ ಮೆಟ್ಟಲಾವುದು?

ಗಾಮಾನ ಸಂಗತಿಯನ್ನೇ ತೆಗೆದುಕೊಳ್ಳೋಣ. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಮಹಾಕಾಯನಾದ ಸ್ಟಾನಿಸ್ಲಾಸ್ ಜ್ಬಿಸ್ಕೊನೊಡನೆ ಅವನ ಕುಸ್ತಿ ಎರಡೂವರೆ ಗಂಟೆಗೂ ಮಿಕ್ಕಿ ನಡೆಯಿತು. ಜ್ಬಿಸ್ಕೊ ಬಹುಪಾಲು ಹೊತ್ತು ನೆಲಕ್ಕೆ ಅವಚಿಕೊಂಡು ಬಿದ್ದಿದ್ದನೇ ಹೊರತು ಬೆನ್ನು ಕೊಡಲಿಲ್ಲ. ನಿರ್ಣಯವಾಗದೆ ಉಳಿದ ಆ ಕುಸ್ತಿಯನ್ನು ಮುಂದುವರಿಸಲು ಗೊತ್ತುಮಾಡಿದ ದಿನ ಅವನು ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಅದೇ ಇಬ್ಬರು ಮತ್ತೆ ಎದುರಾದಾಗ ಒಂದು ನಿಮಿಷ ತುಂಬುವುದರೊಳಗೆ ಗಾಮಾ ಅವನನ್ನು ಕೆಡವಿದನು. ಆ ಹೊತ್ತಿಗೆ ಇಬ್ಬರಿಗೂ ಐವತ್ತು ಸಮೀಪಿಸಿತ್ತು. ಕಾಲವು ಒಬ್ಬನನ್ನು ಮುದಿಮಾಡಿ ಇನ್ನೊಬ್ಬನನ್ನು ಉಳಿಸಿತೆಂದು ಸುಲಭವಾಗಿ ಹೇಳುವಂತಿಲ್ಲ. ಹಾಗಾದರೆ ಅವರಿಬ್ಬರ ನಡುವಣ ನಿಜವಾದ ಅಂತರ ಯಾವುದು, ಎರಡೂವರೆ ಗಂಟೆಯದೋ, ಒಂದು ನಿಮಿಷದ್ದೋ? ಮನುಷ್ಯರೂ ಅವರೇ, ಅವರ ಹುಟ್ಟಿನ ಬಲವೂ ಅದೇ. ಫಲ ಮಾತ್ರ ಬೇರೆ. ಶ್ರೇಷ್ಠತೆ ಒಳಗಿನ ಗುಣವಾಗಿದ್ದಿದ್ದರೆ ಅದು ಹೀಗೆ ಹಿಗ್ಗಿ ಕುಗ್ಗಿ ತೋರಬಾರದಾಗಿತ್ತು.

ಗಾಮಾನ ಭಕ್ತರು ಇದನ್ನು ಒಪ್ಪುವವರಲ್ಲ. ಅವನು ಅಜೇಯನೆಂಬುದೇ ಅವರ ಬ್ರಹ್ಮಾಸ್ತ್ರ. ಆದರೆ ಸೋಲಲಿಲ್ಲವೆಂಬುದು ಅಭಾವವನ್ನು ಕುರಿತ ಮಾತು. ಮೀಮಾಂಸಕರು ಅಭಾವವನ್ನು ಅನುಪಲಬ್ಧಿಯಿಂದ, ಎಂದರೆ ಇದ್ದಿದ್ದರೆ ಕಾಣಬೇಕಾಗಿದ್ದುದು ಕಾಣದಿರುವುದರಿಂದ, ತಿಳಿಯತಕ್ಕದ್ದೆನ್ನುತ್ತಾರೆ. ಅವನನ್ನು ಸೋಲಿಸಬಲ್ಲವನು ಎದುರು ಬಂದಿದ್ದರೆ ಸೋಲು ಕಾಣುತ್ತಿತ್ತು, ನಿಜ. ಬಾರದವನ ವಿಷಯದಲ್ಲಿ ಈ ಪ್ರಮಾಣ ಕೈಚೆಲ್ಲುತ್ತದೆ. ಯಕ್ಸಂಬಾದ ಮಲ್ಲನು ಕೇಸರಿಯಾದ ಮರುವರ್ಷವೇ, 1960ರಲ್ಲಿ, ಗಾಮಾ ಲಾಹೋರಿನಲ್ಲಿ ಕಣ್ಮುಚ್ಚಿದನು. ಇವರಿಬ್ಬರೂ ಕೈಕೂಡಿಸುವ ಪ್ರಸಂಗ ಲೋಕದಲ್ಲಿ ಒದಗಲೇ ಇಲ್ಲ; ಒದಗದ ಕುಸ್ತಿಗೆ ಫಲವನ್ನು ಹೇಳುವುದು, ನೈಯಾಯಿಕರು ನಗೆಯಾಡುವ ಬಂಜೆಯ ಮಗನ ಕಿವಿಗೆ ಒಂಟಿ ಇಟ್ಟಂತೆ.

ಖಾಶಾಬಾ ಜಾಧವರ ಪಕ್ಷ ಇನ್ನೊಂದು ಬಗೆಯದು. ಕರಾಡದ ಬಳಿಯ ಗೋಳೇಶ್ವರದ ಈ ಕುಳ್ಳ ಮಲ್ಲನು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಗೆದ್ದು, ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಮೊದಲ ಒಲಿಂಪಿಕ್ ಗೌರವವನ್ನು ತಂದನು. ಅವನನ್ನು ಅಲ್ಲಿಗೆ ಕಳುಹಿಸಲು ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರರು ತಮ್ಮ ಮನೆಯನ್ನು ಒತ್ತೆಯಿಟ್ಟು ಹಣ ಕೂಡಿಸಿದ್ದರು. ಅವನ ಗೆಲವು ತೂಕದ ವರ್ಗದೊಳಗಿನ ಗೆಲವು, ಗಡಿಯಾರಕ್ಕೆ ಕಟ್ಟುಬಿದ್ದ ಗೆಲವು, ಮೆತ್ತೆಯ ಮೇಲಣ ಗೆಲವು. ಕೆಮ್ಮಣ್ಣಿನ ಆರಾಧಕರು ಇದನ್ನೊಂದು ಕುಂದೆಂದು ಬಗೆಯುತ್ತಾರೆ. ಅದು ಸರಿಯಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನೂ ತನ್ನ ಮಾನಸೋಲ್ಲಾಸದ ಮಲ್ಲವಿನೋದದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವರ್ಗಗಳಾಗಿಯೇ ವಿಂಗಡಿಸಿದನಲ್ಲವೆ? ಹೋಲಿಸತಕ್ಕವರನ್ನೇ ಹೋಲಿಸಬೇಕೆಂಬ ವಿವೇಕ ಯುರೋಪಿನಿಂದ ನಮಗೆ ಬಂದ ಸಾಲವಲ್ಲ.

ಇಂದಿನ ಹುಡುಗರು ದೂರದರ್ಶನದಲ್ಲಿ ನೋಡುವ ಅಮೆರಿಕದ ಕುಸ್ತಿಯಲ್ಲಿ ಫಲವು ಮೊದಲೇ ಗೊತ್ತಾಗಿರುತ್ತದೆ. ಆದರೂ ಅಂಡರ್‌ಟೇಕರನು ದೊಡ್ಡವನೋ ಖಲಿ ದೊಡ್ಡವನೋ ಎಂದು ಅವರು ಊಟ ಬಿಟ್ಟು ವಾದಿಸುತ್ತಾರೆ. ನಾನು ಇದನ್ನು ಹಳಿಯಲಾರೆ. ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಸತ್ಯಭಾಮೆಯ ಗರ್ವ ಮುರಿಯುವುದೆಂದು ಊರಿಗೆಲ್ಲ ತಿಳಿದಿದ್ದರೂ, ಯಾವ ಮೇಳದ ಭಾಮೆ ಹೆಚ್ಚಿನವಳೆಂಬ ವಾದ ನಮ್ಮ ಬೆಳಗಾವಿ ಸೀಮೆಯಲ್ಲಿ ಎಂದೂ ನಿಂತುದಿಲ್ಲ. ಅಲ್ಲಿ ಅಳೆಯುವುದು ರಸವನ್ನು, ಬಲವನ್ನಲ್ಲ. ದಾರಾಸಿಂಗನು ಎರಡು ಲೋಕಗಳಲ್ಲಿಯೂ ಕಾಲಿಟ್ಟಿದ್ದವನು. ಕಿಂಗ್ ಕಾಂಗನನ್ನು ಎತ್ತಿ ಒಗೆದವನೆಂದು ಅಜ್ಜಂದಿರೂ, ರಾಮಾಯಣ ಧಾರಾವಾಹಿಯ ಹನುಮಂತನೆಂದು ಮೊಮ್ಮಕ್ಕಳೂ ಅವನನ್ನು ಬಲ್ಲರು.

ಹನುಮಂತನ ಹೆಸರು ಬಂದ ಮೇಲೆ ಶಾಸ್ತ್ರದ ಕಡೆಗೆ ತಿರುಗಲೇಬೇಕು. ತಾಲೀಮಿನ ಗೂಡಿನಲ್ಲಿ ಎಣ್ಣೆ ಸಿಂಧೂರ ಬಳಿಸಿಕೊಂಡು ನಿಂತವನು ಅವನೇ. ಮಧ್ವಮತದಲ್ಲಿ ತಾರತಮ್ಯವೆಂಬುದು ಜನದ ಕಲ್ಪನೆಯಾಗಿರದೆ ಸೃಷ್ಟಿಯ ಸ್ವರೂಪವೇ ಆಗಿದೆ: ಜೀವ ಜೀವಕ್ಕೂ ಭೇದವುಂಟು, ಮೇಲು ಕೀಳುಗಳುಂಟು, ಮುಕ್ತಿಯಲ್ಲಿಯೂ ಅವು ಅಳಿಯವು, ಆ ಶ್ರೇಣಿಯಲ್ಲಿ ಜೀವೋತ್ತಮನು ವಾಯು, ಅವನ ಅವತಾರಗಳೇ ಹನುಮ, ಭೀಮ, ಮಧ್ವರು. ಎಂದರೆ ನಮ್ಮ ಹಿರಿಯರ ಪಟ್ಟಿಗಳ ಹಿಂದೆ ಒಂದು ಪೂರ್ಣ ದರ್ಶನದ ಆಧಾರವಿದೆ. ಆ ದರ್ಶನ ಮುಖ್ಯವಾಗಿ ನೆಚ್ಚುವ ಶ್ರುತಿಗಳಲ್ಲೊಂದಾದ ತೈತ್ತಿರೀಯದ ಆನಂದಮೀಮಾಂಸೆಯಂತೂ ಕುಸ್ತಿಯ ಅಂಚಿನಲ್ಲಿಯೇ ಹುಟ್ಟಿತೋ ಎಂಬಂತಿದೆ. ಆನಂದವನ್ನು ಅಳೆಯಹೊರಟ ಋಷಿ ಮೂಲಮಾನವಾಗಿ ಹಿಡಿದುದು ಯಾರನ್ನು? ತರುಣನೂ ಸಾಧುವೂ ವಿದ್ಯಾವಂತನೂ ದೃಢಕಾಯನೂ ಬಲಿಷ್ಠನೂ ಆದ ಒಬ್ಬನನ್ನು. ಸಂಪತ್ತು ತುಂಬಿದ ಭೂಮಿಯೆಲ್ಲ ಅವನದಾಗಿರಲಿ ಎನ್ನುತ್ತಾನೆ. ಅವನ ಆನಂದದ ನೂರ್ಮಡಿ ಮನುಷ್ಯಗಂಧರ್ವರದು, ಅದರ ನೂರ್ಮಡಿ ದೇವಗಂಧರ್ವರದು. ಹೀಗೆ ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿಗಳನ್ನು ದಾಟಿ ಬ್ರಹ್ಮನವರೆಗೆ.

ಇಷ್ಟು ಕಟ್ಟುನಿಟ್ಟಾದ ಏಣಿಯನ್ನು ನಿಲ್ಲಿಸಿದ ಋಷಿಯೇ, ಗಂಧರ್ವರಿಂದ ಮೊದಲ್ಗೊಂಡು ಒಂದೊಂದು ಮೆಟ್ಟಲಲ್ಲಿಯೂ, ಕಾಮದಿಂದ ಹತನಾಗದ ಶ್ರೋತ್ರಿಯನಿಗೂ ಇದೇ ಆನಂದವೆಂದು ಸೇರಿಸುತ್ತ ಹೋಗುತ್ತಾನೆ. ಮೆಟ್ಟಲು ಹತ್ತದವನೊಬ್ಬನು ಎಲ್ಲ ಮೆಟ್ಟಲುಗಳಲ್ಲಿಯೂ ನಿಂತಿರುವಂತೆ ಅಲ್ಲಿ ಕಾಣುತ್ತದೆ. ಏಣಿ ನಿಜವೆಂದು ಮಧ್ವರೂ, ಏಣಿಯು ಅಳತೆಗೆ ನಿಲುಕದುದರತ್ತ ತೋರುವ ಬೆರಳೆಂದು ಶಂಕರರೂ ಓದಿದರು. ನನ್ನ ಮನಸ್ಸು ಎರಡನೆಯ ಓದಿನತ್ತ ವಾಲುವುದಾದರೂ, ಮೊದಲನೆಯದರ ಪ್ರಾಮಾಣಿಕತೆಗೆ ಗೌರವವಿದೆ: ಎಲ್ಲರೂ ಸಮರೆಂದು ಬಾಯಲ್ಲಿ ಹೇಳಿ ಮನಸ್ಸಿನಲ್ಲಿ ನಂಬರು ಹಾಕುವವರಿಗಿಂತ, ನಂಬರನ್ನು ಸಿದ್ಧಾಂತವಾಗಿಯೇ ಮಂಡಿಸುವವನು ಮೇಲು.

ವೇದಗಂಗೆ ದೂಧಗಂಗೆಗಳ ನಡುವಣ ಈ ನೆಲದಲ್ಲಿ ಇನ್ನೊಂದು ದರ್ಶನವೂ ಬಹುಕಾಲದಿಂದ ಬೇರೂರಿದೆ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಧರ್ಮವನ್ನು ಮತ್ತೆ ನಿಲ್ಲಿಸಿದ ಆಚಾರ್ಯ ಶಾಂತಿಸಾಗರರು ನಿಪ್ಪಾಣಿಯ ಬಳಿಯ ಭೋಜದವರು. ಪ್ರಾಕೃತ ವಿದ್ವಾಂಸರಾದ ಎ. ಎನ್. ಉಪಾಧ್ಯೆಯವರು ಸದಲಗಾದವರು. ಜೈನರ ಆದಿಪುರಾಣದಲ್ಲಿ ಶ್ರೇಷ್ಠತೆಯ ನಿರ್ಣಯಕ್ಕಾಗಿಯೇ ಒಂದು ಮಲ್ಲಯುದ್ಧ ನಡೆಯುತ್ತದೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರರಲ್ಲಿಯೂ ಬಾಹುಬಲಿ ಅಣ್ಣನಾದ ಭರತನನ್ನು ಗೆದ್ದನು; ಎತ್ತಿ ಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸಲಿಲ್ಲ; ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಡೆದನು. ಆದರೂ ಒಂದು ಶಲ್ಯ ಉಳಿಯಿತೆಂದು ಜನ ಹೇಳುತ್ತಾರೆ: ನಾನು ನಿಂತಿರುವುದು ಭರತನ ನೆಲದ ಮೇಲೆ ಎಂಬ ಎಣಿಕೆ ಹೋಗುವವರೆಗೆ, ಬಳ್ಳಿ ಮೈಗೆ ಹಬ್ಬಿದರೂ, ಕೇವಲಜ್ಞಾನ ಬರಲಿಲ್ಲವಂತೆ. ಸಕಲವನ್ನೂ ತ್ಯಜಿಸಿದವನಿಗೂ ಕಟ್ಟಕಡೆಗೆ ಬಿಡಲಾರದೆ ಉಳಿದುದು ನಂಬರು!

ಆ ದರ್ಶನದ ಸ್ಯಾದ್ವಾದವನ್ನು ಮೈದಾನದ ಅಂಚಿಗೆ ತಂದರೆ ವಾದ ಮುಗಿಯುತ್ತದೆಂದು ಯಾರಾದರೂ ತಿಳಿದಾರು. ಒಂದು ದೃಷ್ಟಿಯಿಂದ ಗಾಮಾ ದೊಡ್ಡವನು, ಒಂದು ದೃಷ್ಟಿಯಿಂದ ಖಾಶಾಬಾ, ಒಂದು ದೃಷ್ಟಿಯಿಂದ ಖಂಚನಾಳೆ, ಸರಿ. ಆದರೆ ಯಾವ ದೃಷ್ಟಿ ಮುಖ್ಯವೆಂದು ಕೇಳಿದೊಡನೆ ಕಾಕಾನ ದನಿ ಮೊದಲಿಗಿಂತ ಏರುತ್ತದೆ. ಕೈಕೂಡಿಸದ ಇಬ್ಬರನ್ನು ಒಂದು ಪಂಕ್ತಿಯಲ್ಲಿ ನಿಲ್ಲಿಸಿ ಹಿಂದೆ ಮುಂದೆ ಮಾಡುವ ಕಾರ್ಯ ಜ್ಞಾನದ ವ್ಯಾಪಾರವೇ ಅಲ್ಲ, ಭಕ್ತಿಯ ವ್ಯಾಪಾರ, ಎಂಬುದು ನನ್ನ ನಿಲವು. ತನ್ನ ಇಷ್ಟದೈವವೇ ಸರ್ವೋತ್ತಮನೆಂದು ಸ್ತೋತ್ರಕಾರನು ಹೇಳಿದಾಗ ನಾವು ತೂಕದ ಕಲ್ಲು ಹಿಡಿದು ಹೋಗುವುದಿಲ್ಲ. ತಂದೆಯ ಹೆಗಲ ಮೇಲೆ ಕುಳಿತು ನೋಡಿದ ಕುಸ್ತಿ, ಊರ ಹೆಸರು, ವಸ್ತಾದನ ಋಣ, ಇವೆಲ್ಲ ಸೇರಿ ಒಂದು ಹೆಸರನ್ನು ಮೇಲಕ್ಕೆತ್ತುತ್ತವೆ. ಅದರಲ್ಲಿ ಸುಳ್ಳಿಲ್ಲ, ಪ್ರಮಾಣವೆಂದು ವೇಷ ಹಾಕಿಕೊಂಡು ಬಂದಾಗ ಮಾತ್ರ ಅದು ಹಾಸ್ಯಾಸ್ಪದವಾಗುತ್ತದೆ.

ಕಿಷ್ಕಿಂಧಾಕಾಂಡದ ಕೊನೆಯಲ್ಲಿ ಕಡಲ ತಡಿಯ ಕಪಿಗಳು ನಡೆಸಿದ ಗಣನೆ ಈ ಪಟ್ಟಿಗಳಿಗೆಲ್ಲ ಆದ್ಯವೆನ್ನಬಹುದು. ಗಜನು ಹತ್ತು ಯೋಜನ ಹಾರಬಲ್ಲೆನೆಂದನು, ಗವಾಕ್ಷನು ಇಪ್ಪತ್ತು. ಒಬ್ಬೊಬ್ಬರಾಗಿ ಏರಿಸುತ್ತ ಬಂದು ಜಾಂಬವಂತನ ಸರದಿ ಬಂದಾಗ, ಆ ಮುದುಕನು ತೊಂಬತ್ತೆಂದು ಹೇಳಿ ಸುಮ್ಮನಾಗದೆ, ಪ್ರಾಯದಲ್ಲಿ ತಾನು ತ್ರಿವಿಕ್ರಮನಿಗೇ ಪ್ರದಕ್ಷಿಣೆ ಬಂದವನೆಂದೂ ಸೇರಿಸಿದನು. ಪ್ರತಿಯೊಂದು ಜಾತ್ರೆಯಲ್ಲಿಯೂ ಈ ಜಾಂಬವಂತನಿದ್ದಾನೆ. ಹನುಮಂತನು ಆ ಸಭೆಯಲ್ಲಿ ಬಾಯಿ ಬಿಡದೆ ಒಂದು ಕಡೆ ಕುಳಿತಿದ್ದನೆಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಹೆಚ್ಚಾಗಿ ಕಾಡುವುದು ಅಂಗದನ ಮಾತು. ನೂರು ಯೋಜನ ಹಾರಬಲ್ಲೆ, ಹಿಂದಿರುಗಬಲ್ಲೆನೋ ಇಲ್ಲವೋ ಅರಿಯೆನೆಂದನು ಅವನು. ಮಿಕ್ಕವರೆಲ್ಲ ಹೋಗುವುದನ್ನು ಮಾತ್ರ ಎಣಿಸಿದ್ದರು. ಖುರಾಕು ನಿಂತು, ಮೈ ಇಳಿದು, ಕಿವಿ ಮುದುಡಿ, ಮೈದಾನದಿಂದ ಮನೆಗೆ ಬಂದ ಮೇಲೆ ಬಾಳುವ ಮೂವತ್ತು ನಲವತ್ತು ವರ್ಷಗಳು ನಮ್ಮ ಯಾವ ಪಟ್ಟಿಯಲ್ಲಿಯೂ ಸೇರಿಲ್ಲ. ಖಾಶಾಬಾ 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಅರ್ಜುನ ಪ್ರಶಸ್ತಿ ಅವನ ಹೆಸರಿಗೆ ಬಂದಿತು. ಅಂಗದನ ಪ್ರಶ್ನೆಯನ್ನೂ ಸೇರಿಸಿಕೊಂಡು ಪಟ್ಟಿಯನ್ನು ಹೊಸದಾಗಿ ಬರೆಯಹೊರಟರೆ, ಭಿತ್ತಿಪತ್ರದ ದೊಡ್ಡ ಅಕ್ಷರಗಳಲ್ಲಿ ಎಂದೂ ಕಾಣಿಸಿಕೊಳ್ಳದೆ, ನಾಲ್ಕನೆಯ ಐದನೆಯ ನಂಬರಿನಲ್ಲಿಯೇ ಆಡಿ ಮುಗಿಸಿ, ಈಗ ಹುಡುಗರಿಗೆ ಜೋರು ಕೊಡುತ್ತಿರುವ ವಸ್ತಾದರಲ್ಲಿ ಯಾರು ಯಾರನ್ನು ಎಲ್ಲೆಲ್ಲಿ ಕೂಡಿಸಬೇಕೆಂಬ ಬಗ್ಗೆ ಇನ್ನೊಂದು ಜಗಳ ಹತ್ತುವುದು ಖಂಡಿತ.