ದನಿ ಸೇರಿಸದ ಪೆಟ್ಟಿಗೆ

‘ನಾನು’ ಎಂಬುದನ್ನು ಅಳಿಸಿಕೊಂಡವನಲ್ಲಿ ಉಳಿಯುವುದೇನು? ಅಹಂಕಾರವನ್ನು ಬಿಡು ಎಂದು ನಮ್ಮ ನಾಡಿನ ಬಹುಪಾಲು ಧರ್ಮಪರಂಪರೆಗಳು ಹೇಳಿವೆ. ಬಿಟ್ಟ ಮೇಲೆ ಮನುಷ್ಯ ಹೇಗಿರುತ್ತಾನೆ ಎಂಬ ವಿಷಯದಲ್ಲಿ ಮಾತ್ರ ನಮ್ಮ ಕಲ್ಪನೆ ಒಂದೇ ಕಡೆಗೆ ವಾಲಿದೆ. ಅವನು ಟೊಳ್ಳಾಗಿರುತ್ತಾನೆ, ಹಗುರಾಗಿರುತ್ತಾನೆ, ಗಟ್ಟಿಯಾದ ಆಕಾರವೆಂಬುದೇ ಅವನಿಗೆ ಇರುವುದಿಲ್ಲ ಎಂದುಕೊಂಡಿದ್ದೇವೆ. ಈ ಕಲ್ಪನೆಯನ್ನು ಒರೆಗೆ ಹಚ್ಚಲು ಶಾಸ್ತ್ರಗ್ರಂಥಗಳಿಗಿಂತ ಮೊದಲು ಒಂದು ಮರಗೆಲಸವನ್ನು ನೋಡಬಹುದು. ಹೈದರಾಬಾದಿನ ಮಾದಾಪುರದಲ್ಲಿ ಕುಶಲಕರ್ಮಿಗಳಿಗೆಂದು 1992ರಲ್ಲಿ ಕಟ್ಟಿದ ಶಿಲ್ಪಾರಾಮವೂ 1998ರಲ್ಲಿ ತೆರೆದ ಸೈಬರ್ ಟವರ್ಸ್ ಕಟ್ಟಡವೂ ಕೂಗಳತೆಯಲ್ಲಿವೆ. ಕೈಕಸುಬೂ ಎಲೆಕ್ಟ್ರಾನಿಕ್ಸೂ ಹೀಗೆ ನೆರೆಹೊರೆಯಾಗಿರುವ ಬಡಾವಣೆಯ ಫ್ಲ್ಯಾಟೊಂದರಲ್ಲಿ, ನೆಲದ ಮೇಲೆ ಸೊಂಟಮಟ್ಟ ನಿಲ್ಲುವ ಸ್ಪೀಕರ್ ಬಾಕ್ಸನ್ನು ಸ್ವಂತವಾಗಿ ಕಟ್ಟಲು ಹೊರಟವನ ಮುಂದೆ ನಿಲ್ಲುವುದೂ ಇದೇ ಪ್ರಶ್ನೆ. ಅವನ ಪೆಟ್ಟಿಗೆ ಸಂಗೀತವನ್ನು ಒಯ್ಯಬೇಕು, ತನ್ನದೆಂದು ಒಂದು ದನಿಯನ್ನೂ ಅದಕ್ಕೆ ಸೇರಿಸಬಾರದು. ಅಂಥ ಪೆಟ್ಟಿಗೆಯನ್ನು ಕಟ್ಟುವುದು ಹೇಗೆಂದು ನೋಡಿದರೆ, ಅಹಂಕಾರವಿಲ್ಲದಿರುವುದಕ್ಕೂ ಟೊಳ್ಳಾಗಿರುವುದಕ್ಕೂ ಎಷ್ಟು ದೂರವಿದೆ ಎಂಬುದು ತಿಳಿಯುತ್ತದೆ.

ದನಿ ಸೇರಿಸದಿರುವುದೇ ಗುರಿಯಾದರೆ ಪೆಟ್ಟಿಗೆಯನ್ನೇ ಬಿಟ್ಟುಬಿಡಬಹುದಲ್ಲ ಎಂಬುದು ಮೊದಲಿಗೆ ಏಳುವ ಸಂದೇಹ. ಮಂದ್ರಸ್ವರ ನುಡಿಸುವ ವೂಫರನ್ನು ಪೆಟ್ಟಿಗೆಯಿಲ್ಲದೆ ಗಾಳಿಯಲ್ಲಿ ಹಿಡಿದು ನುಡಿಸಿದರೆ ಇದಕ್ಕೆ ಉತ್ತರ ಸಿಗುತ್ತದೆ. ಕೋನ್ ಮುಂದಕ್ಕೆ ಹೋದಾಗ ಮುಂಭಾಗದ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಗಳಿಗೆಯಲ್ಲಿ ಹಿಂಭಾಗದ ಗಾಳಿ ಸಡಿಲಗೊಳ್ಳುತ್ತದೆ. ಮಂದ್ರಸ್ವರಗಳ ಅಲೆ ಕೋನ್‌ಗಿಂತ ಬಹಳ ಉದ್ದವಾದ್ದರಿಂದ ಹಿಂದಿನ ಅಲೆ ಸುತ್ತಿ ಬಂದು ಮುಂದಿನದನ್ನು ಅಳಿಸಿಬಿಡುತ್ತದೆ. ಕೋನ್ ಕಣ್ಣಿಗೆ ಕಾಣುವಷ್ಟು ಅಲುಗುತ್ತಿದ್ದರೂ ಮೃದಂಗದ ಎಡಮುಖದ ಗುಂಕಾರ ಕೇಳಿಸುವುದಿಲ್ಲ. ಅದು ಕೇಳಬೇಕಾದರೆ ಹಿಂಭಾಗವನ್ನು ಮುಂಭಾಗದಿಂದ ಬೇರ್ಪಡಿಸುವ ಗೋಡೆ ಬೇಕು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಪೂರ್ತಿ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡರು. 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಪೆಟ್ಟಿಗೆಯ ಗಾತ್ರಕ್ಕೂ ವೂಫರಿನ ಗುಣಕ್ಕೂ ಇರುವ ನಂಟನ್ನು ಲೆಕ್ಕಕ್ಕೆ ತಂದರು. ಈ ಮೂವರ ಲೆಕ್ಕದಲ್ಲೂ ಪೆಟ್ಟಿಗೆ ದನಿಯ ಒಂದು ಭಾಗವೇ. ಇದನ್ನು ತತ್ತ್ವದ ಕಡೆಗೆ ತಿರುಗಿಸಿದರೆ, ದೇಹ, ಸ್ವಭಾವ, ಕಲಿತ ವಿದ್ಯೆ, ಆಡುವ ಭಾಷೆ ಇವೆಲ್ಲ ತೊಲಗಬೇಕಾದ ಅಡ್ಡಿಗಳು ಎಂಬ ಮಾತು ನಿಲ್ಲುವುದಿಲ್ಲ. ಅವು ತೊಲಗಿದರೆ ಆಳವಾದದ್ದೇ ಮೊದಲು ಕಳೆದುಹೋಗುತ್ತದೆ. ಮಧ್ವಾಚಾರ್ಯರು ತತ್ತ್ವವನ್ನು ಸ್ವತಂತ್ರ, ಪರತಂತ್ರ ಎಂದು ಎರಡಾಗಿ ವಿಂಗಡಿಸಿದಾಗ ಜೀವನನ್ನು ಪರತಂತ್ರ ಎಂದರೇ ಹೊರತು ಮಿಥ್ಯೆ ಎನ್ನಲಿಲ್ಲ. ಅವರ ಮತದಲ್ಲಿ ಮುಕ್ತಿಯಲ್ಲೂ ಜೀವ ತನ್ನ ಸ್ವರೂಪದೊಡನೆ ಉಳಿಯುತ್ತಾನೆ. ಅದ್ವೈತಿ ಇದನ್ನು ಒಪ್ಪಲಾರ. ಆದರೆ ಜ್ಞಾನ ಬಂದ ಮೇಲೂ ಪ್ರಾರಬ್ಧ ತೀರುವ ತನಕ ಜೀವನ್ಮುಕ್ತನ ದೇಹ ಉಳಿಯುತ್ತದೆ ಎಂದು ಅವನೂ ಹೇಳುತ್ತಾನೆ, ಶಿಷ್ಯನಿಗೆ ಉಪದೇಶ ತಲುಪುವುದು ಆ ದೇಹದ ಮೂಲಕವೇ.

ಪೆಟ್ಟಿಗೆ ಬೇಕು ಎಂದು ಒಪ್ಪಿದ ಕೂಡಲೇ ಎರಡನೆಯ ತೊಡಕು ಎದುರಾಗುತ್ತದೆ. ಗೋಡೆಯೂ ಹಾಡತೊಡಗುತ್ತದೆ. ಒಂದು ಮೀಟರ್ ಎತ್ತರ, 20 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಬಾಕ್ಸಿನ ಎಲ್ಲ ಮೈಗಳನ್ನು ಕೂಡಿದರೆ 1.1 ಚದರ ಮೀಟರಿಗೂ ತುಸು ಹೆಚ್ಚಾಗುತ್ತದೆ. ಅದರೊಳಗಿನ ಆರೂವರೆ ಇಂಚಿನ ವೂಫರಿನ ಕೋನ್ ಸುಮಾರು 0.014 ಚದರ ಮೀಟರ್. ಎಂದರೆ ಗೋಡೆಯ ವಿಸ್ತಾರ ಕೋನ್‌ನ ಎಂಬತ್ತು ಪಟ್ಟು. ಗೋಡೆಗಳೆಲ್ಲ ಒಟ್ಟಾಗಿ ಕೋನ್‌ನ ಅಲುಗಾಟದ ಎಂಬತ್ತನೇ ಒಂದು ಭಾಗದಷ್ಟು ಅಲುಗಿದರೆ ಸಾಕು, ಲೆಕ್ಕಕ್ಕೆ ಪೆಟ್ಟಿಗೆಯ ದನಿ ಸಂಗೀತದ ದನಿಗೆ ಸಮನಾಗಿ ನಿಲ್ಲುತ್ತದೆ. ಗೋಡೆ ಎಲ್ಲ ಸ್ವರಗಳಿಗೂ ಒಂದೇ ಸಮನೆ ಅಲುಗುವುದೂ ಇಲ್ಲ. ತನಗೆ ಒಗ್ಗಿದ ಸ್ವರ ಬಂದಾಗ ಹೆಚ್ಚು ನಡುಗುತ್ತದೆ, ಆ ಸ್ವರ ಮುಗಿದ ಮೇಲೂ ಸ್ವಲ್ಪ ಹೊತ್ತು ಗುನುಗುತ್ತದೆ. ಹಾಡುವವರು ಯಾರೇ ಇರಲಿ, ಆ ಗುನುಗು ಒಂದೇ. ಅಹಂಕಾರದ ಬಗ್ಗೆ ಇದಕ್ಕಿಂತ ನಿಖರವಾದ ವಿವರಣೆ ಸಿಗುವುದು ಕಷ್ಟ. ಅಹಂಕಾರಿ ಎಂದರೆ ಜೋರಾಗಿ ಮಾತನಾಡುವವನು ಎಂದುಕೊಳ್ಳುತ್ತೇವೆ. ನಿಜದಲ್ಲಿ ಅವನು ಯಾವ ವಿಷಯ ಬಂದರೂ ತನ್ನ ಒಂದೇ ಸ್ವರವನ್ನು ಹಿಡಿಯುವವನು, ಸಂದರ್ಭ ಮುಗಿದ ಮೇಲೂ ಅದನ್ನು ಬಿಡಲಾರದವನು. ಸೌಮ್ಯವಾಗಿ ಮಾತನಾಡುವವನೂ ಹೀಗಿರಬಹುದು.

ಇದಕ್ಕೆ ಬಡಗಿ ಮಾಡುವ ಉಪಾಯವೇ ಈ ವಾದದ ನಡುಗಂಬ. ಗೋಡೆ ಹಾಡುತ್ತದೆಂದು ಅವನು ಮರವನ್ನು ಕಡಿಮೆ ಮಾಡುವುದಿಲ್ಲ, ಇನ್ನಷ್ಟು ಸೇರಿಸುತ್ತಾನೆ. 18 ಮಿ.ಮೀ. ಎಂಡಿಎಫ್ ಅಥವಾ ಪ್ಲೈವುಡ್ ಹಲಗೆಗೆ ಒಳಗಿನಿಂದ ಬ್ರೇಸ್, ಎಂದರೆ ಆಸರೆಯ ಪಟ್ಟಿ, ಕೊಡುತ್ತಾನೆ, ಗಾಳಿ ಆಡಲು ನಡುವೆ ಕಿಂಡಿ ಕೊರೆದ ಅಡ್ಡಹಲಗೆಗಳನ್ನು ಕೂರಿಸುತ್ತಾನೆ, ಪ್ರತಿ ಸಂದಿಗೂ ಅಂಟು ತುಂಬಿ ಬಿಗಿಯುತ್ತಾನೆ. ಹಲಗೆಯ ದಪ್ಪ ಎರಡರಷ್ಟಾದರೆ ಬಿಗಿತ ಎಂಟರಷ್ಟಾಗುತ್ತದೆ. ಆದರೆ ಎಷ್ಟು ಮರ ಎಂಬುದರಷ್ಟೇ ಅದು ಎಲ್ಲಿ ಎಂಬುದೂ ಮುಖ್ಯ. ಒಂದು ಮೀಟರ್ ಎತ್ತರ, 30 ಸೆಂ.ಮೀ. ಅಗಲದ ಪಕ್ಕದ ಹಲಗೆಗೆ ನಟ್ಟನಡುವೆ ಅಡ್ಡಲಾಗಿ ಒಂದು ಪಟ್ಟಿ ಕೂರಿಸಿದರೆ ಅದರ ಸಹಜ ಕಂಪನ ಲೆಕ್ಕಕ್ಕೆ ಕಾಲು ಭಾಗದಷ್ಟೇ ಮೇಲೇರುತ್ತದೆ. ಅಂಥದೇ ಪಟ್ಟಿಯನ್ನು ಹಲಗೆಯ ಉದ್ದಕ್ಕೆ ಇಳಿಸಿದರೆ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಇನ್ನೂ ಸೊಗಸಾದದ್ದು ಎದುರು ಗೋಡೆಗಳನ್ನು ಒಂದಕ್ಕೊಂದು ಜೋಡಿಸುವ ಬ್ರೇಸ್. ಒಳಗಿನ ಒತ್ತಡ ಎರಡೂ ಗೋಡೆಗಳನ್ನು ಒಂದೇ ಗಳಿಗೆಯಲ್ಲಿ ಹೊರಕ್ಕೆ, ಎಂದರೆ ಪರಸ್ಪರ ಎದುರು ದಿಕ್ಕಿಗೆ ನೂಕುತ್ತದೆ. ನಡುವೆ ಗಟ್ಟಿ ಕೊಂಡಿ ಇದ್ದರೆ ಆ ಎರಡು ನೂಕುಗಳೂ ಒಂದನ್ನೊಂದು ತೀರಿಸಿಕೊಳ್ಳುತ್ತವೆ. ಒಂಟಿ ಗೋಡೆ ತನ್ನನ್ನು ತಾನೇ ಅಷ್ಟು ಚೆನ್ನಾಗಿ ಹಿಡಿದುಕೊಳ್ಳಲಾರದು. ನಮ್ಮ ಶಾಸ್ತ್ರಗ್ರಂಥಗಳು ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ವಾದವನ್ನು, ಅದರ ಪೂರ್ಣಬಲದೊಡನೆ ಮಂಡಿಸುವುದರ ಹಿಂದೆ ಇದೇ ವಿವೇಕ ಇದ್ದಂತಿದೆ. ನನ್ನ ಒಲವಿಗೆ ಎದುರಾದ ಒಲವಿಗೆ ನಾನು ಬಿಗಿಯಾಗಿ ಕಟ್ಟಿಕೊಂಡಿದ್ದರೆ ಮಾತ್ರ ನನ್ನ ನಡುಕ ನಿಲ್ಲುತ್ತದೆ. ಒಪ್ಪುವವರ ನಡುವೆಯೇ ಬಾಳುವ ಸಾಧಕನಿಗೆ ಈ ಆಧಾರ ದೊರೆಯುವುದಿಲ್ಲ.

ಹಾಗಾದರೆ ಬಿಗಿದಷ್ಟೂ ಒಳ್ಳೆಯದೇ? ಇಲ್ಲಿ ಮರ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ಬ್ರೇಸ್ ಕಂಪನವನ್ನು ಕೊಲ್ಲುವುದಿಲ್ಲ, ಮೇಲಿನ ಸ್ವರಕ್ಕೆ ಸರಿಸುತ್ತದೆ. ಮೇಲೆ ಹೇಳಿದ ಎಂಡಿಎಫ್ ಹಲಗೆ ಸುಮಾರು 200 ಹರ್ಟ್ಸ್ ಆಸುಪಾಸಿನಲ್ಲಿ ನಡುಗುತ್ತಿದ್ದರೆ, ಉದ್ದಕ್ಕೆ ಪಟ್ಟಿ ಕೊಟ್ಟ ಮೇಲೆ 800ರ ಹತ್ತಿರ ನಡುಗುತ್ತದೆ. ಬರಿ ಮಂದ್ರವನ್ನೇ ನುಡಿಸುವ ಸಬ್‌ವೂಫರಿಗೆ ಇದು ಸಾಕು, ಏಕೆಂದರೆ ಆ ಎತ್ತರದ ಸ್ವರ ಅದರೊಳಗೆ ಬರುವುದೇ ಇಲ್ಲ. ಮನುಷ್ಯಕಂಠವನ್ನೂ ಒಯ್ಯುವ ಬಾಕ್ಸಿಗೆ ಹಾಗಲ್ಲ. ಅಲ್ಲಿ ಕಂಪನ ಕಿವಿ ಮಂದವಾಗಿರುವ ಜಾಗವನ್ನು ಬಿಟ್ಟು ಕಿವಿ ಚುರುಕಾಗುವ ಜಾಗಕ್ಕೆ ಹತ್ತಿರವಾಗಿರುತ್ತದೆ. ಬಿಬಿಸಿಯ ಸಂಶೋಧನಾ ವಿಭಾಗದ ಹಾರ್ವುಡ್ ಮತ್ತು ಮ್ಯಾಥ್ಯೂಸ್ 1977ರ ವರದಿಯಲ್ಲಿ ಈ ವಿಷಯವನ್ನೇ ಪರಿಶೀಲಿಸಿದರು. ಆ ಸಂಸ್ಥೆಯ ಹೆಸರಾಂತ ಸ್ಪೀಕರುಗಳು ತೆಳು ಪ್ಲೈವುಡ್ಡಿಗೆ ಒಳಗಿನಿಂದ ಡಾಂಬರಿನಂಥ ಭಾರದ ಪದರ ಅಂಟಿಸಿ, ಕಂಪನವನ್ನು ಶಾಖವಾಗಿಸಿ ಕರಗಿಸುವ ದಾರಿಯನ್ನು ಹಿಡಿದವು. ಬಿಗಿಯುವುದು ಒಂದು ಕೆಲಸ, ಕರಗಿಸುವುದು ಇನ್ನೊಂದು. ತಪಸ್ಸಿನ ಕಥೆಗಳಲ್ಲೂ ಈ ವ್ಯತ್ಯಾಸ ಇದೆ. ರಾಜ್ಯವನ್ನು ಗೆದ್ದು ಬಿಟ್ಟು, ಬಳ್ಳಿ ಹಬ್ಬುವ ತನಕ ಒಂದು ವರ್ಷ ನಿಂತೇ ಇದ್ದ ಬಾಹುಬಲಿಗೂ ಮನಸ್ಸಿನೊಳಗೆ ಒಂದು ಶಲ್ಯ, ಚುಚ್ಚುವ ಮುಳ್ಳು, ಉಳಿದಿತ್ತು ಎನ್ನುತ್ತದೆ ಜೈನಪುರಾಣ. ಅಣ್ಣ ಭರತ ಬಂದು ವಂದಿಸಿದಾಗ ಅದು ಕರಗಿ ಅವನಿಗೆ ಕೇವಲಜ್ಞಾನವಾಯಿತು. 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ಕಡೆದು ನಿಲ್ಲಿಸಿದ ಮೂರ್ತಿಯ ಹಿಂದಿರುವ ಕಥೆ ಇದು. ಮೈಯನ್ನು ಅಷ್ಟು ಬಿಗಿದರೂ ನಡುಕ ಸೂಕ್ಷ್ಮವಾಗಿ ಉಳಿಯಬಲ್ಲುದು ಎಂಬ ತಿಳಿವಳಿಕೆ ಅದರಲ್ಲಿದೆ. ಕಟ್ಟುನಿಟ್ಟಿನ ವ್ರತಧಾರಿಯಲ್ಲಿ ದುಡ್ಡಿನ ಆಸೆ ಅಡಗಿ, ‘ನಾನು ಶುದ್ಧ’ ಎಂಬ ಎತ್ತರದ ಸ್ವರ ಕೇಳಿಸುವುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಈಗ ಬಲವಾದ ಆಕ್ಷೇಪಣೆ. ವೀಣೆ, ತಂಬೂರಿಗಳ ಮೈ ಹಾಡುವುದೇ ಅವುಗಳ ಚೆಲುವಲ್ಲವೇ? ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರವನ್ನು ಕೊರೆದು ವೀಣೆ ಮಾಡುವವರು, ಗಡಿಯಾಚೆ ಮಿರಜದಲ್ಲಿ ಸೋರೆಬುರುಡೆಗೆ ತಂಬೂರಿ ಕಟ್ಟುವವರು ಮೈ ನಡುಗಲೆಂದೇ ದುಡಿಯುತ್ತಾರೆ. ವೀಣೆ, ತಂಬೂರಿಗಳ ಬಾಗಿದ ಕುದುರೆ (ಬ್ರಿಡ್ಜ್) ತಂತಿಯ ನಾದಕ್ಕೆ ಎಷ್ಟು ಉಪಸ್ವರಗಳನ್ನು ಕೂಡಿಸುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲೇ ತೋರಿಸಿದ್ದರು. ಬಸವಣ್ಣನವರು ತಮ್ಮ ಕಾಯವನ್ನು ದಂಡಿಗೆಯಾಗಿಯೂ ಶಿರವನ್ನು ಸೋರೆಯಾಗಿಯೂ ಮಾಡಿಕೊಳ್ಳೆಂದು ದೇವರನ್ನು ಬೇಡಿದರು, ಮೂಕ ಪೆಟ್ಟಿಗೆಯಾಗಿಸೆಂದು ಬೇಡಲಿಲ್ಲ. ಭಕ್ತನ ಆದರ್ಶ ಮಿಡಿಯುವ ಮೈಯಲ್ಲವೇ? ಖಂಡಿತ ಹೌದು. ಆದರೆ ವೀಣೆ ನಾದ ಹುಟ್ಟುವ ಜಾಗ. ಸ್ಪೀಕರಿಗೆ ಬರುವುದು ಹುಟ್ಟಿ ಮುಗಿದ ನಾದ. ಅದರಲ್ಲಿ ಹಲಸಿನ ಮರದ ಗುಣ ಆಗಲೇ ಇದೆ, ಅದರ ಮೇಲೆ ಎಂಡಿಎಫ್ ತನ್ನ ಗುಣವನ್ನು ಹೇರಿದರೆ ಮುಚ್ಚಿಹೋಗುವುದು ಹಲಸೇ. ಮನುಷ್ಯನಿಗೂ ಈ ಎರಡು ಪಾತ್ರಗಳಿವೆ. ತನ್ನ ಭಕ್ತಿಯನ್ನು ನುಡಿಯುವಾಗ ಅವನು ವೀಣೆ, ಇನ್ನೊಬ್ಬರ ಮಾತನ್ನು ಮೂರನೆಯವರಿಗೆ ಮುಟ್ಟಿಸುವಾಗ ಪೆಟ್ಟಿಗೆ. ಮುಟ್ಟಿಸುವುದರಲ್ಲೂ ಎರಡು ಬಗೆ. ಗೋಲ್ಕೊಂಡ ಕೋಟೆಯ ಫತೇ ದರ್ವಾಜಾದ ಗುಮ್ಮಟದಡಿ ತಟ್ಟಿದ ಚಪ್ಪಾಳೆ ಸುಮಾರು ಒಂದು ಕಿಲೋಮೀಟರ್ ಆಚೆಯ ಬಾಲಾ ಹಿಸಾರ್ ನೆತ್ತಿಯಲ್ಲಿ ಕೇಳುತ್ತದೆ. ಕಾವಲಿಗೆ ಅಷ್ಟು ಸಾಕಿತ್ತು, ಯಾರೋ ಬಂದರೆಂದು ತಿಳಿದರೆ ಆಯಿತು. ಮುಟ್ಟಿಸಬೇಕಾದದ್ದು ರಾಗವೋ ವಚನವೋ ಆದಾಗ ಕೇಳಿಸಿದರೆ ಸಾಲದು, ಹುಟ್ಟಿದ ಹಾಗೆಯೇ ಕೇಳಿಸಬೇಕು. ವೀಣೆಯ ಸ್ವಾತಂತ್ರ್ಯವನ್ನು ಪೆಟ್ಟಿಗೆಯ ಜಾಗದಲ್ಲಿ ಕೂತು ಬಳಸುವವನಿಂದಲೇ ಧರ್ಮದಲ್ಲಿ ಹೆಚ್ಚಿನ ಅನಾಹುತವಾಗಿದೆ.

ಇನ್ನೊಂದು ಆಕ್ಷೇಪಣೆ ದರ್ಶನಶಾಸ್ತ್ರದ ಕಡೆಯಿಂದ ಬರುತ್ತದೆ. ಶಬ್ದ ನಿತ್ಯ, ಗಾಳಿಯ ಚಲನೆ ಅದನ್ನು ಬರಿದೆ ವ್ಯಕ್ತಪಡಿಸುತ್ತದೆ ಎಂದರು ಮೀಮಾಂಸಕರು. ನೈಯಾಯಿಕರು ಒಪ್ಪಲಿಲ್ಲ. ಅವರ ಪ್ರಕಾರ ಶಬ್ದ ಹುಟ್ಟುತ್ತದೆ, ಒಂದು ಶಬ್ದ ಇನ್ನೊಂದನ್ನು ಹುಟ್ಟಿಸುತ್ತ ನೀರಿನ ಅಲೆಗಳಂತೆ ಸಾಗುತ್ತದೆ, ನಮ್ಮ ಕಿವಿಗೆ ಬೀಳುವುದು ಆ ಸರಣಿಯ ಕೊನೆಯದು. ಸ್ಪೀಕರಿನ ವಿಷಯದಲ್ಲಿ ನ್ಯಾಯದರ್ಶನವೇ ಹೆಚ್ಚು ಸರಿ. ಮೈಕಿನಿಂದ ಕೋನ್ ತನಕ ಪ್ರತಿ ಹಂತದಲ್ಲೂ ಹೊಸದೊಂದು ಹುಟ್ಟುತ್ತಲೇ ಇರುತ್ತದೆ. ಹಾಗಿದ್ದ ಮೇಲೆ ಶುದ್ಧ ಮಾಧ್ಯಮವೆಂಬುದೇ ಇಲ್ಲ, ದನಿ ಸೇರಿಸದ ಪೆಟ್ಟಿಗೆ ಭ್ರಮೆ ಎಂದು ಒಬ್ಬರು ವಾದಿಸಬಹುದು. ಪೂರ್ಣ ಮೌನ ಸಾಧ್ಯವಿಲ್ಲ ಎಂಬುದು ನಿಜವೇ. ಆದರೆ ಅದರಿಂದ ಎಲ್ಲ ಪೆಟ್ಟಿಗೆಗಳೂ ಒಂದೇ ಎಂದಾಗುವುದಿಲ್ಲ. ಕೇಳುವವನ ಕಿವಿಗೆ ಎಟುಕದಷ್ಟು ಕೆಳಗೆ ತನ್ನ ಗುನುಗನ್ನು ಇಳಿಸಿದ ಪೆಟ್ಟಿಗೆಗೂ ಇಳಿಸದಿದ್ದುದಕ್ಕೂ ಅಳೆಯಬಹುದಾದ ಅಂತರವಿದೆ. ಬದಲಿಗೆ, ಪ್ರತಿ ಹಂತದಲ್ಲೂ ಶಬ್ದ ಹೊಸದಾಗಿ ಹುಟ್ಟುತ್ತದೆಂದರೆ ಒಯ್ಯುವವನ ಹೊಣೆ ಇನ್ನೂ ಹೆಚ್ಚುತ್ತದೆ. ‘ನಾನು ಬರಿಯ ನಿಮಿತ್ತ’ ಎಂದು ಕೈತೊಳೆದುಕೊಳ್ಳುವ ಅವಕಾಶ ಅವನಿಗಿಲ್ಲ. ಮರಕ್ಕೆ ಇಚ್ಛೆ ಇಲ್ಲ, ಮಾತನಾಡಬಲ್ಲವನು ಸುಮ್ಮನಿದ್ದರೆ ಮಾತ್ರ ಅದು ವಿನಯ ಎಂದು ಹೇಳುವವರ ಮಾತನ್ನೂ ಒಪ್ಪೋಣ. ಪೆಟ್ಟಿಗೆ ವಿನಯಶಾಲಿಯಲ್ಲ. ವಿನಯಕ್ಕೆ ಎಂಥ ಕಟ್ಟಡ ಬೇಕು ಎಂಬುದನ್ನಷ್ಟೇ ಅದರಿಂದ ಕಲಿಯಬಹುದು. ಹಾಗೆ ಕಟ್ಟಿಕೊಳ್ಳುವ ಇಚ್ಛೆ ಮನುಷ್ಯನದೇ ಆಗಬೇಕು.

ಕಟ್ಟಿದ್ದು ಸರಿಯಾಗಿದೆಯೇ ಎಂದು ಹೇಳುವವರು ಯಾರು? ಬಡಗಿ ಬೆರಳ ಗೆಣ್ಣಿನಿಂದ ಹಲಗೆಯನ್ನು ತಟ್ಟಿ ನೋಡುತ್ತಾನೆ. ಪರೀಕ್ಷೆ ಹೊರಗಿನಿಂದಲೇ ಆಗಬೇಕು, ಪೆಟ್ಟಿಗೆಗೆ ತನ್ನ ದನಿ ತನಗೆ ತಿಳಿಯುವುದಿಲ್ಲ. ಮಾದಾಪುರದಂಥ ಕಡೆ ಇನ್ನೊಬ್ಬ ಪರೀಕ್ಷಕನೂ ಇದ್ದಾನೆ. ಬಾಕ್ಸಿನ ನಡುಕ ಸ್ಲ್ಯಾಬಿನ ಮೂಲಕ ಕೆಳಮನೆಗೆ ಇಳಿದರೆ, ಆ ಸಂಗೀತವನ್ನು ಬಯಸದವನಿಗೂ ಅದರ ಗುದ್ದು ತಲುಪುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗಿನ 6ರ ತನಕ 45 ಡೆಸಿಬೆಲ್ ಮಿತಿ ಹಾಕಿರುವುದು ಕೇಳದವನ ಹಕ್ಕನ್ನೂ ಎಣಿಕೆಗೆ ತೆಗೆದುಕೊಂಡೇ. ಗುರು, ಪ್ರವಚನಕಾರ, ಭಾಷ್ಯಕಾರ, ಮಠಾಧಿಪತಿ ಎಲ್ಲರೂ ತಮ್ಮನ್ನು ಬರಿಯ ವಾಹಕರೆಂದು ಕರೆದುಕೊಳ್ಳುತ್ತಾರೆ. ಆ ಮಾತನ್ನು ನಂಬಬೇಕೋ ಬೇಡವೋ ಎಂದು ತಿಳಿಯಲು ಅವರ ಮುಖದ ಸೌಮ್ಯತೆಯನ್ನು ನೋಡಿದರೆ ಸಾಲದು. ಅವರನ್ನು ಎದುರು ಗೋಡೆಗೆ ಬಿಗಿದಿರುವ ಪೂರ್ವಪಕ್ಷ ಯಾವುದು, ಎಲ್ಲ ವಿಷಯಕ್ಕೂ ಅವರಿಂದ ಹೊರಡುವ ಒಂದೇ ಸ್ವರ ಯಾವುದು, ಅವರ ಬಳಗಕ್ಕೆ ಸೇರದ ನೆರೆಯವನಿಗೆ ತಲುಪುತ್ತಿರುವುದು ಉಪದೇಶವೋ ಗುದ್ದೋ ಎಂದು ಕೇಳಬೇಕು. ಇಂಥ ಪ್ರಶ್ನೆಗಳಿಗೆ ಮೈಯೊಡ್ಡಬಲ್ಲವನು ಟೊಳ್ಳಾಗಿರಲು ಸಾಧ್ಯವಿಲ್ಲ. ಅಹಂಕಾರ ಕಳೆದವನನ್ನು ಹುಡುಕುವಾಗ ನಾವು ಹಗುರಾದವರ ಕಡೆಗೆ ನೋಡುವುದನ್ನು ಬಿಟ್ಟು, ತಟ್ಟಿಸಿಕೊಳ್ಳಲು ಒಪ್ಪುವ ಭಾರವಾದವರ ಕಡೆಗೆ ನೋಡುವುದು ಲೇಸು.