ಇಲ್ಲ, ಬೇಡ, ಸಾಕು

ಕನ್ನಡದಲ್ಲಿ ನಿರಾಕರಣೆಗೆ ಮೂರು ಸಣ್ಣ ಮಾತುಗಳಿವೆ: ಇಲ್ಲ, ಬೇಡ, ಸಾಕು. ಮೂರೂ ಚಾಚಿದ ಕೈಯನ್ನು ಹಿಂದಕ್ಕೆ ಎಳೆಯುವ ಮಾತುಗಳೇ. ಆದರೆ ಎಳೆಯುವ ಕಾರಣ ಒಂದೇ ಅಲ್ಲ. 'ಇಲ್ಲ' ಎನ್ನುವವನ ಬಳಿ ನಿಜಕ್ಕೂ ಇಲ್ಲ. 'ಬೇಡ' ಎನ್ನುವವನಿಗೆ ಮನಸ್ಸಿಲ್ಲ. 'ಸಾಕು' ಎನ್ನುವವನಿಗೆ ಸಿಕ್ಕಿದೆ, ಇನ್ನೂ ಹೆಚ್ಚಿನದು ಅವನಿಗೆ ಬೇಕಾಗಿಲ್ಲ. ಮನೆಯಲ್ಲಿರುವಾಗ ಈ ಮೂರರ ನಡುವಿನ ಅಂತರ ನಮ್ಮ ಗಮನಕ್ಕೆ ಬರುವುದು ಕಡಿಮೆ. ಎಣಿಸಿದ ದುಡ್ಡನ್ನು ಕಿಸೆಯಲ್ಲಿಟ್ಟುಕೊಂಡು, ಇಬ್ಬರು ಸಣ್ಣ ಮಕ್ಕಳ ಕೈ ಹಿಡಿದುಕೊಂಡು ಮುಂಬಯಿಯಂಥ ಮಹಾನಗರವನ್ನು ನೋಡಲು ಹೊರಟವರಿಗೆ ಮಾತ್ರ ಅದು ಗಂಟೆಗೊಮ್ಮೆ ಎದುರು ಬಂದು ನಿಲ್ಲುತ್ತದೆ.

ಕಳೆದ ದಸರಾ ರಜೆಯಲ್ಲಿ ನಾವು ಹೊರಟಾಗ ನಮ್ಮ ಬೀದಿಯ ಹಿರಿಯರೊಬ್ಬರು ಕೇಳಿದ್ದರು: "ದುಡ್ಡಿಲ್ಲದ ಮೇಲೆ ಮಕ್ಕಳನ್ನು ಅಲ್ಲಿಗೆ ಯಾಕೆ ಕರೆದುಕೊಂಡು ಹೋಗುತ್ತೀರಿ ಮಾರಾಯ್ರೆ? ಮಿಠಾಯಿ ಅಂಗಡಿ ತೋರಿಸಿ ಬಾಯಿ ಮುಚ್ಚಿಕೊಳ್ಳಿ ಎಂದ ಹಾಗೆ." ಇನ್ನೊಬ್ಬರು, ನಾಲ್ಕು ವರ್ಷದ ಹುಡುಗನಿಗೆ ಏನು ನೆನಪಿರುತ್ತದೆ ಎಂದರು. ಎರಡನೆಯ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಎರಡು ವರ್ಷದವನಿದ್ದಾಗ ತಿಂದ ಅನ್ನ ಯಾರಿಗೂ ನೆನಪಿಲ್ಲ; ಹಾಗೆಂದು ಅದು ಮೈಗೆ ಹತ್ತದೆ ಹೋಯಿತೆ? ಮೊದಲ ಪ್ರಶ್ನೆ ಮಾತ್ರ ಸುಲಭದ್ದಲ್ಲ. ಹೆಜ್ಜೆಹೆಜ್ಜೆಗೂ ಆಸೆ ಹುಟ್ಟಿಸುವ ಊರಿಗೆ ಮಗುವನ್ನು ಕರೆದೊಯ್ದು, ಹೆಜ್ಜೆಹೆಜ್ಜೆಗೂ 'ಆಗದು' ಎನ್ನುವುದು ನ್ಯಾಯವೆ?

ನ್ಯಾಯವೋ ಅನ್ಯಾಯವೋ ಎಂಬುದು ನಾವು ಹೇಳುವ 'ಆಗದು' ಯಾವ ಜಾತಿಯದು ಎಂಬುದರ ಮೇಲೆ ನಿಂತಿದೆ ಎಂದು ನನಗೆ ತೋರುತ್ತದೆ.

ಗೇಟ್‌ವೇ ಆಫ್ ಇಂಡಿಯಾದ ಎದುರಿನಿಂದ ಎಲಿಫೆಂಟಾ ದ್ವೀಪಕ್ಕೆ ದೋಣಿಗಳು ಹೋಗುತ್ತವೆ. ಸುಮಾರು ಒಂದು ಗಂಟೆಯ ಸಮುದ್ರಯಾನ. ನಾಲ್ಕು ಜನರಿಗೆಂದು ಗುಣಿಸಿ ನೋಡಿದರೆ ಅದು ನಮ್ಮ ಆ ದಿನದ ಲೆಕ್ಕವನ್ನು ಮೀರುತ್ತಿತ್ತು. ಏಳು ವರ್ಷದ ಮಗಳು ದೋಣಿಯನ್ನೇ ನೋಡುತ್ತಾ ನಿಂತಳು. ಇಂಥ ಹೊತ್ತಿನಲ್ಲಿ ತಂದೆತಾಯಿಗಳ ನಾಲಿಗೆಗೆ ಮೊದಲು ಬರುವುದು 'ಬೇಡ'. ದೋಣಿಯಲ್ಲಿ ವಾಂತಿ ಬರುತ್ತದೆ, ಅಲ್ಲಿ ಬರೀ ಕಲ್ಲು, ಕೋತಿಗಳು ಕಚ್ಚುತ್ತವೆ, ಒಳ್ಳೆಯವರು ಯಾರೂ ಹೋಗುವುದಿಲ್ಲ. ನಮ್ಮ ಪಕ್ಕದಲ್ಲೇ ನಿಂತಿದ್ದ ಒಬ್ಬ ತಂದೆ ಬೇರಾವುದೋ ಭಾಷೆಯಲ್ಲಿ ತನ್ನ ಮಗನಿಗೆ ಇಂಥದ್ದನ್ನೇ ಹೇಳುತ್ತಿದ್ದಿರಬೇಕು. ಅವನ ಮುಖಭಾವ, ಕೈಯಾಡಿಸುವಿಕೆ ಎಲ್ಲ ಭಾಷೆಗಳಲ್ಲೂ ಒಂದೇ. ಕೈಗೆಟುಕದ ದ್ರಾಕ್ಷಿಯನ್ನು ಹುಳಿ ಎಂದ ನರಿಗೆ ಮಕ್ಕಳಿದ್ದಿದ್ದರೆ ಅದು ಹೀಗೆಯೇ ಮಾತಾಡುತ್ತಿತ್ತು.

ನನ್ನ ಹೆಂಡತಿ ಮಗಳ ಪಕ್ಕ ಕುಳಿತು, "ಚೆನ್ನಾಗಿದೆ ಪುಟ್ಟಾ. ಗುಹೆಯೊಳಗೆ ದೊಡ್ಡ ದೊಡ್ಡ ಶಿವನ ಮೂರ್ತಿಗಳಿವೆಯಂತೆ. ಆದರೆ ಈ ಸಲ ಅದಕ್ಕೆ ದುಡ್ಡಿಲ್ಲ" ಎಂದಳು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಾನು ಆ ದೊಡ್ಡ ಬಾಗಿಲಿನ ಕತೆ ಹೇಳಿದೆ. 1911ರಲ್ಲಿ ಇಂಗ್ಲೆಂಡಿನ ರಾಜ ಐದನೆಯ ಜಾರ್ಜ್ ಬಂದಿಳಿದದ್ದರ ಗುರುತಿಗೆಂದು ಕಟ್ಟಿದ ಬಾಗಿಲು ಅದು. ಆದರೆ ಅದು ಮುಗಿದದ್ದು 1924ರಲ್ಲಿ. ಅವನು ಬಂದಾಗ ನೋಡಿದ್ದು ರಟ್ಟಿನ ಮಾದರಿಯನ್ನಷ್ಟೆ. "ಹಾಗಾದರೆ ರಾಜನಿಗೂ ಇಲ್ಲ!" ಎಂದು ಅವಳು ನಕ್ಕಳು. 1948ರ ಫೆಬ್ರವರಿಯಲ್ಲಿ ಬ್ರಿಟಿಷರ ಕೊನೆಯ ಸೈನಿಕರು ಅದೇ ಬಾಗಿಲಿನಿಂದ ಹೊರಟುಹೋದರು ಎಂದೂ ಹೇಳಿದೆ. ಅದು ಅವಳಿಗೆ ಅಷ್ಟು ಸ್ವಾರಸ್ಯವೆನಿಸಲಿಲ್ಲ.

ಸುಳ್ಳು 'ಬೇಡ' ಮಗುವಿಗೆ ಎರಡು ಕೇಡುಗಳನ್ನು ಮಾಡುತ್ತದೆ. ಒಂದು, ಒಳ್ಳೆಯದನ್ನು ಕೆಟ್ಟದ್ದೆಂದು ನಂಬಿಸುತ್ತದೆ. ಮುಂದೆ ಆ ದೋಣಿಯಲ್ಲಿ ಹೋಗಬಲ್ಲವರನ್ನು ಕಂಡರೆ ಅವಳಿಗೆ ಸಂತೋಷದ ಬದಲು ತಾತ್ಸಾರ ಹುಟ್ಟುತ್ತದೆ. ಎರಡು, ಬಡತನ ಮುಚ್ಚಿಡಬೇಕಾದ ಸಂಗತಿ ಎಂದು ಮಾತಿಲ್ಲದೆ ಕಲಿಸುತ್ತದೆ. 'ಇಲ್ಲ' ಎಂಬ ಮಾತಿನಲ್ಲಿ ಅವಮಾನವಿಲ್ಲ, ಅದು ಬರೀ ಲೆಕ್ಕ. ಅದರ ಮೇಲೆ 'ಬೇಡ'ದ ಬಟ್ಟೆ ಹೊದಿಸಿದಾಗಲೇ ಅದು ಅವಮಾನವಾಗುವುದು. ಹಾಗೆಯೇ ದುಡ್ಡಿದ್ದೂ 'ಇಲ್ಲ' ಎನ್ನುವುದು ಇನ್ನೊಂದು ಬಗೆಯ ಸುಳ್ಳು. ಥಳಥಳಿಸುವ ಆಟಿಕೆಯ ಅಂಗಡಿಯ ಮುಂದೆ ನಾವು ಹೇಳಿದ್ದು 'ಬೇಡ' ಎಂದೇ. ದುಡ್ಡಿದ್ದರೂ ಅದನ್ನು ಕೊಳ್ಳುತ್ತಿರಲಿಲ್ಲ. ಮಗ ಅತ್ತ. ನಿಜದ 'ಬೇಡ'ಕ್ಕೂ ಮಕ್ಕಳು ಅಳುತ್ತಾರೆ. ಅಳು ಬರಬಾರದೆಂಬುದು ನಮ್ಮ ಗುರಿಯಾದರೆ ಸುಳ್ಳಿಗಿಂತ ಒಳ್ಳೆಯ ಔಷಧವಿಲ್ಲ.

ಇಷ್ಟು ಸಣ್ಣ ಮಕ್ಕಳ ತಲೆಯ ಮೇಲೆ ದುಡ್ಡಿನ ಚಿಂತೆ ಹೊರಿಸಬಹುದೆ ಎಂದು ನೀವು ಕೇಳಬಹುದು. ಬರೀ 'ಇಲ್ಲ' ಎಂದರೆ ಅದು ಚಿಂತೆಯೇ ಸರಿ. 'ಇಷ್ಟಿದೆ' ಎಂದೂ ಜೊತೆಗೆ ಹೇಳಿದರೆ ಅದು ಆಟವಾಗುತ್ತದೆ. ದಿನಕ್ಕೆ ಅರವತ್ತು ರೂಪಾಯಿ ನಿಮ್ಮಿಬ್ಬರದು, ಹೇಗೆ ಬೇಕಾದರೂ ಖರ್ಚು ಮಾಡಿ ಎಂದು ಮಗಳ ಪುಟ್ಟ ಚೀಲದಲ್ಲಿ ಹಾಕಿಕೊಟ್ಟಿದ್ದೆವು. ಮಲಬಾರ್ ಹಿಲ್‌ನ ಕಮಲಾ ನೆಹರೂ ಉದ್ಯಾನದಲ್ಲಿ ದೊಡ್ಡ ಬೂಟಿನ ಆಕಾರದ ಮನೆಯಿದೆ. ಕೈತುಂಬ ಮಕ್ಕಳಿದ್ದು ದಿಕ್ಕು ತೋಚದೆ ಬೂಟಿನಲ್ಲಿ ಸಂಸಾರ ಹೂಡಿದ್ದ ಮುದುಕಿಯ ಮೇಲೆ ಇಂಗ್ಲಿಷಿನಲ್ಲೊಂದು ಶಿಶುಗೀತೆಯಿದೆಯಲ್ಲ, ಅವಳ ಮನೆ ಅದು. ನಮ್ಮಂಥವರು ನೋಡಲೇಬೇಕಾದ ಸ್ಮಾರಕ. ಅಲ್ಲಿ ತಮ್ಮ ಬಲೂನು ಕೇಳಿದ. ಮಗಳು ಚೀಲ ತೆಗೆದು ಎಣಿಸಿ, "ಬೇಡ ಮುದ್ದು, ಚೌಪಾಟಿಯಲ್ಲಿ ಭೇಲ್‌ಪುರಿ ತಿನ್ನೋಣ" ಎಂದಳು. ನಮ್ಮ 'ಇಲ್ಲ' ಅವಳ ಕೈಗೆ ಹೋಗಿ 'ಬೇಡ' ಆಯಿತು. ಬಲವಂತದ ಕೊರತೆ ಆಯ್ಕೆಯಾಗುವುದು ಹೀಗೆ. ಸತ್ಯ ಗೊತ್ತಿದ್ದವರಿಗೆ ಮಾತ್ರ ಆಯ್ಕೆ ಮಾಡುವ ಸ್ವಾತಂತ್ರ್ಯ.

ಮಿತವ್ಯಯದ ಹೆಸರಿನಲ್ಲಿ ಮಗುವಿನ ಬಾಯಿಂದಲೇ ಸುಳ್ಳು ಹೇಳಿಸುವುದನ್ನೂ ನಾವೆಲ್ಲ ನೋಡಿದ್ದೇವೆ. ರೈಲಿನಲ್ಲಿ ಐದು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರವರೆಗಿನವರಿಗೆ ದೂರಪ್ರಯಾಣದಲ್ಲಿ ಬರ್ತ್ ಬೇಕೆಂದರೆ 2016ರಿಂದ ಪೂರ್ತಿ ದರ. ನಮ್ಮ ಡಬ್ಬಿಯಲ್ಲೇ ಒಬ್ಬ ತಾಯಿ, ಟಿ.ಸಿ. ಬಂದರೆ ನಾಲ್ಕೂವರೆ ಎನ್ನು ಎಂದು ಮಗನಿಗೆ ಪಾಠ ಹೇಳುತ್ತಿದ್ದಳು. ಹುಡುಗ ಬಹಳ ಬೇಸರದಿಂದ, "ನಂಗೆ ಆರಾಯ್ತಲ್ಲ" ಎಂದ. ಆರು ವರ್ಷವಾಗುವುದು ಅವನ ಇಲ್ಲಿಯವರೆಗಿನ ಬದುಕಿನ ದೊಡ್ಡ ಸಾಧನೆ. ಅದನ್ನು ಅವಳು ಅರ್ಧ ಟಿಕೆಟ್ಟಿಗೆ ಮಾರಿದಳು. ಆಕೆಯನ್ನು ಹಳಿಯಲು ನನಗೆ ಮನಸ್ಸಿಲ್ಲ. ಉಳಿದ ದುಡ್ಡು ಎಲ್ಲಿಗೆ ಬೇಕಾಗಿತ್ತೋ ಯಾರು ಬಲ್ಲರು. ಆದರೆ ಆ ಬೆಲೆಯನ್ನು ಕೊಟ್ಟದ್ದು ಆಕೆಯಲ್ಲ, ಹುಡುಗ.

ಅಲ್ಪ ಹಣದ ಪ್ರವಾಸದ ಮುಖ್ಯ ನೈತಿಕ ಪ್ರಶ್ನೆ ಇದೇ ಎಂದು ನನ್ನ ಭಾವನೆ: ನಾವು ಉಳಿಸಿದ್ದನ್ನು ಯಾರು ತೆರುತ್ತಿದ್ದಾರೆ? ದುಡ್ಡು ಉಳಿಯಿತು ಎಂದರೆ ಖರ್ಚು ಮಾಯವಾಯಿತು ಎಂದಲ್ಲ. ಎಷ್ಟೋ ಸಲ ಅದು ಬೇರೊಬ್ಬರ ಲೆಕ್ಕಕ್ಕೆ ಹೋಗಿರುತ್ತದೆ. ಬಸ್ಸಿನ ಬದಲು ನಡೆದರೆ ಉಳಿತಾಯವೇ. ಆದರೆ ನಮ್ಮ ಒಂದು ಹೆಜ್ಜೆಗೆ ನಾಲ್ಕು ವರ್ಷದವನದು ಎರಡೂವರೆ ಹೆಜ್ಜೆ. ಮುಂಬಯಿಯ ಬೆಸ್ಟ್ ಬಸ್ಸಿನ ಕನಿಷ್ಠ ದರವನ್ನು 2019ರಲ್ಲಿ 5 ರೂಪಾಯಿಗೆ ಇಳಿಸಿದ್ದರು, 2025ರ ಮೇ ತಿಂಗಳಲ್ಲಿ 10ಕ್ಕೆ ಏರಿಸಿದರು. ಆದರೂ ಆ ಹತ್ತು ರೂಪಾಯಿಯನ್ನು ಮಗುವಿನ ಕಾಲಿನಿಂದ ವಸೂಲು ಮಾಡುವುದು ಸರಿಯಲ್ಲ. ಲೋಕಲ್ ರೈಲು ಅಗ್ಗ, ನಿಜ. ಬೆಳಗಿನ, ಸಂಜೆಯ ನೂಕುನುಗ್ಗಲಿನಲ್ಲಿ ಮಕ್ಕಳೊಂದಿಗೆ ಹತ್ತಿದರೆ ಆ ಅಗ್ಗದ ಬೆಲೆಯನ್ನು ಅವರ ಎದೆ ತೆರಬೇಕಾಗುತ್ತದೆ. ನಾವು ಹನ್ನೊಂದರ ಮೇಲೆ ಹೊರಟು, ಸಂಜೆ ಜನರೆಲ್ಲ ಮನೆ ಸೇರುವ ತನಕ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆವು.

ನೆಂಟರ ಮನೆಯ ವಿಷಯವೂ ಹೀಗೆಯೇ. ಮುಂಬಯಿಗೆ ಹೋಗುವ ನಮ್ಮ ಕಡೆಯವರಿಗೆ ಅಲ್ಲೊಂದು ನೆಂಟರ ಮನೆ ಇರಲೇಬೇಕು. ನನ್ನ ಚಿಕ್ಕಮ್ಮ ಡೊಂಬಿವಲಿಯಲ್ಲಿದ್ದಾರೆ, ಎರಡು ಕೋಣೆಯ ಮನೆ. "ಲಾಡ್ಜಿಗೆ ಹೋಗುವುದಾದರೆ ನನ್ನ ಮನೆಗೆ ಬರುವುದೇ ಬೇಡ" ಎಂದು ಫೋನಿನಲ್ಲಿ ಗದರಿದ್ದರು. ಲಾಡ್ಜಿನ ಬಾಡಿಗೆ ನಮಗೆ ಉಳಿಯಿತು. ಆದರೆ ಬೆಳಿಗ್ಗೆ ಒಂದು ಗಂಟೆ ಮಾತ್ರ ನೀರು ಬರುವ ಮನೆಯಲ್ಲಿ ನಾಲ್ಕು ಜನರ ಸ್ನಾನದ ನೀರು, ಹಾಸಿಗೆ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ಮಲಗಿದ ಚಿಕ್ಕಪ್ಪನ ನಿದ್ದೆ, ಇವೆಲ್ಲ ಬಾಡಿಗೆಯಲ್ಲದೆ ಮತ್ತೇನು? ಪ್ರೀತಿಯಿಂದ ಕೊಟ್ಟದ್ದಕ್ಕೆ ಬೆಲೆ ಕಟ್ಟಬಾರದು, ಒಪ್ಪಿದೆ. ಬೆಲೆ ಇದೆ ಎಂಬುದನ್ನು ಮರೆಯಲೂಬಾರದು. ಮೂರು ರಾತ್ರಿ ಎಂದು ಮೊದಲೇ ಹೇಳಿದ್ದೆವು. ಚಿಕ್ಕಮ್ಮ "ಇನ್ನೆರಡು ದಿನ ಇರ್ರೋ" ಎಂದಾಗ ನಾವು ಹೇಳಿದ್ದು ಮೂರನೆಯ ಮಾತು: "ಸಾಕು ಚಿಕ್ಕಮ್ಮ."

ಇನ್ನು ಚೌಪಾಟಿ. ಗಾಳಿಗಿರಣಿ ಮಾರುತ್ತಾ ಬಂದ ಹುಡುಗ ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವನಿದ್ದಾನು. ಇಪ್ಪತ್ತು ಎಂದ. ನನ್ನಂಥವರ ಬಾಯಿಂದ ಹತ್ತು ಎಂಬ ಮಾತು ತಾನಾಗಿ ಹೊರಡುವುದು ಅಭ್ಯಾಸಬಲ. ಅವಳು ಕೇಳಿದಳು: "ಅಪ್ಪಾ, ಅವನಿಗೂ ದಸರಾ ರಜೆಯಾ?" ಹತ್ತು ಎಂಬ ಮಾತು ಗಂಟಲಲ್ಲೇ ಉಳಿಯಿತು. ಇಪ್ಪತ್ತು ಕೊಟ್ಟೆ. ಕೊಟ್ಟದ್ದರಿಂದ ಏನೂ ಸರಿಹೋಗಲಿಲ್ಲ. ಅವನು ಶಾಲೆಯಲ್ಲಿರಬೇಕಾದವನು ಎಂಬ ಮಾತು ಹಾಗೆಯೇ ನಿಂತಿತು, ಅವಳ ಪ್ರಶ್ನೆಯೂ.

ತಾಜ್ ಹೋಟೆಲಿನ ಮುಂದೆ ನಿಂತಾಗ ನಾವು ಬಡವರು. ಆ ಹುಡುಗನ ಮುಂದೆ ನಿಂತಾಗ ಶ್ರೀಮಂತರು. ಮಹಾನಗರ ಒಂದೇ ಮಧ್ಯಾಹ್ನದಲ್ಲಿ ಇವೆರಡನ್ನೂ ಕಾಣಿಸುತ್ತದೆ. ನಮ್ಮ 'ಇಲ್ಲ' ರಜೆಯ 'ಇಲ್ಲ'. ನಾಲ್ಕು ದಿನ ಕಳೆದು ಊರಿಗೆ ಹೋದರೆ ಅದು ಮುಗಿಯಿತು. ಹುಡುಗನದು ಹಾಗಲ್ಲ. ಕೊರತೆ ಮಕ್ಕಳಿಗೆ ಒಳ್ಳೆಯ ಗುರು ಎಂದು ಮೇಲೆ ಬರೆದ ನಾನು ಈ ಗೆರೆಯನ್ನೂ ಎಳೆಯಬೇಕು. ಹೊಟ್ಟೆ ತುಂಬಿದವರ ಕೊರತೆಯಷ್ಟೇ ಗುರು. ಹಸಿದವರಿಗೆ ಅದು ಯಾವ ಪಾಠವನ್ನೂ ಹೇಳುವುದಿಲ್ಲ. ನಮ್ಮ ಕರಾವಳಿಯಿಂದಲೇ ಎಷ್ಟು ಹುಡುಗರು ಹಾಫ್ ಚಡ್ಡಿಯಲ್ಲಿ ಈ ಊರಿಗೆ ಬಂದು ಹೋಟೆಲುಗಳಲ್ಲಿ ಕಪ್ಪುಬಸಿ ತೊಳೆದರು! ಅವರೂ ಮುಂಬಯಿಯನ್ನು ಚಿಕ್ಕಂದಿನಲ್ಲೇ ಕಂಡವರು. ಹಗಲು ದುಡಿದ ಅವರಿಗಾಗಿ ಅಲ್ಲಿಯ ಕನ್ನಡಿಗರು ರಾತ್ರಿಶಾಲೆಗಳನ್ನು ಕಟ್ಟಿದರು. 'ಇಲ್ಲ' ಎಂಬುದನ್ನು ಮುಚ್ಚಿಡದೆ, ಅದನ್ನು ಹೊಗಳಲೂ ಹೋಗದೆ, ಕೈಲಾದಷ್ಟು ತುಂಬಿಸಿದ ಕೆಲಸವದು.

ಒಂದು ಊರು ಬರಿಗೈಯವರಿಗೆ ಎಷ್ಟನ್ನು ಬಿಟ್ಟಿಯಾಗಿ ಕೊಡುತ್ತದೆ ಎಂಬುದರಿಂದಲೂ ಅದನ್ನು ಅಳೆಯಬೇಕು. ಮುಂಬಯಿಯ ಸಮುದ್ರದಂಡೆಗೆ ಟಿಕೆಟ್ಟಿಲ್ಲ. ಬೈಕುಲಾದ ರಾಣಿಬಾಗಿನಲ್ಲಿ ಮೊದಲು 5 ರೂಪಾಯಿ ಪ್ರವೇಶ ಶುಲ್ಕವಿತ್ತು. ಪೆಂಗ್ವಿನ್‌ಗಳು ಬಂದ ಮೇಲೆ, 2017ರಲ್ಲಿ, ದೊಡ್ಡವರಿಗೆ 50 ಮಾಡಿದರು; ತಂದೆತಾಯಿ, ಇಬ್ಬರು ಮಕ್ಕಳ ಕುಟುಂಬಕ್ಕೆ 100. ತಂಪು ಕೋಣೆಯಲ್ಲಿ ಪೆಂಗ್ವಿನ್ ಸಾಕಲು ದುಡ್ಡು ಬೇಕು, ಸರಿಯೆ. ನಾವು ನೂರು ಕೊಟ್ಟು ನೋಡಬಲ್ಲೆವು. ಆ ಊರಿನ ಗುಡಿಸಲಿನ ಮಗುವಿಗೆ ಆನೆಯೂ ಪೆಂಗ್ವಿನ್ನಿನ ಬೆಲೆಗೆ ಏರಿತಲ್ಲ ಎಂಬುದು ಯೋಚಿಸಬೇಕಾದ ಮಾತು. ಸಾರ್ವಜನಿಕ ಉದ್ಯಾನದ ಬಾಗಿಲಲ್ಲಿ ಒಂದು ಸೊನ್ನೆ ಹೆಚ್ಚಿಸುವಾಗ ಊರು ತನ್ನ ಕೆಲವು ಮಕ್ಕಳಿಗೆ 'ಇಲ್ಲ' ಎನ್ನುತ್ತಿರುತ್ತದೆ.

ಹಾಗಾದರೆ ಮಕ್ಕಳನ್ನು ಕರೆದುಕೊಂಡು ಹೋಗಬೇಕೆ? ಹೋಗಬೇಕು. ದುಡ್ಡು ಕೂಡುವ ತನಕ ಕಾಯುವುದೆಂದರೆ ಮಕ್ಕಳು ದೊಡ್ಡವರಾಗುವ ತನಕ ಕಾಯುವುದು. ನಮ್ಮ ಹೊಟ್ಟೆಯಲ್ಲಿ, ನಮ್ಮ ಸುಖದಲ್ಲಿ ಎಷ್ಟು ಬೇಕಾದರೂ ಉಳಿಸೋಣ. ಮಗುವಿನ ಕಾಲಿನಲ್ಲಿ, ಮಗುವಿನ ಬಾಯಿಯ ನಿಜದಲ್ಲಿ, ಇನ್ನೊಬ್ಬರ ಕೂಲಿಯಲ್ಲಿ ಮಾತ್ರ ಉಳಿಸುವುದು ಬೇಡ. ಇಷ್ಟನ್ನು ಕಾಯ್ದುಕೊಂಡರೆ ಮಿಠಾಯಿ ಅಂಗಡಿಯ ಮುಂದೆ ನಿಲ್ಲುವುದಕ್ಕೆ ನಾವು ಹೆದರಬೇಕಾಗಿಲ್ಲ.

'ಇಲ್ಲ', 'ಬೇಡ' ಎಂಬೆರಡನ್ನು ತಂದೆತಾಯಿಗಳು ಕಲಿಸಬಹುದು. 'ಸಾಕು' ಎಂಬುದನ್ನು ಕಲಿಸಲು ಬರುವುದಿಲ್ಲ. ಮಾಟುಂಗ ನಿಲ್ದಾಣದ ಹತ್ತಿರ 1942ರಷ್ಟು ಹಿಂದೆ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಎಲೆಯ ಊಟಕ್ಕೆ ಕುಳಿತರೆ ಬಡಿಸುವವರು ಮತ್ತೆ ಮತ್ತೆ ಬರುತ್ತಾರೆ. ನಾವಾಗಿ ಕೈ ಅಡ್ಡ ಹಿಡಿಯಬೇಕು. ಅಲ್ಲಿ 'ಸಾಕು' ಎನ್ನಲು ಯಾರಿಗೂ ಉಪದೇಶ ಬೇಕಾಗಿಲ್ಲ. ಅದು ಬಡಿಸಿಕೊಂಡವರಿಗೆ ಮಾತ್ರ ಬರುವ ಮಾತು. ಗಾಳಿಗಿರಣಿಯ ಹುಡುಗನಿಗೆ ಅದನ್ನು ಹೇಳುವ ಸರದಿ ಬರುವ ತನಕ, ಸಂತೃಪ್ತಿಯ ಬಗ್ಗೆ ನಾವು ಬರೆಯುವುದನ್ನೆಲ್ಲ ಸ್ವಲ್ಪ ತಗ್ಗಿದ ದನಿಯಲ್ಲಿ ಬರೆಯುವುದು ಒಳ್ಳೆಯದು.